ಅಪ್‌ಗ್ರೇಡ್ ಆದ ಮೇಲೆ ರಿಮೋಟ್ ಕನೆಕ್ಷನ್ ಕೈಕೊಟ್ಟಾಗ: ಎಲ್ಲಿ ನಿಂತಿತು ಅಂತ ಮೊದಲು ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಆಸುಪಾಸಿನಲ್ಲಿ ನನ್ನ ಸುತ್ತಮುತ್ತಲಿನ ಕಂಪ್ಯೂಟರ್‌ಗಳೆಲ್ಲ ಒಂದೊಂದಾಗಿ 11ಕ್ಕೆ ಹೋದವು. ಜೊತೆಗೇ ಫೋನ್‌ಗಳೂ ಶುರುವಾದವು. "ಮೊನ್ನೆ ತನಕ ಅಲ್ಲಿಂದಲೇ ಸರಿ ಮಾಡ್ತಿದ್ದೆ, ಈಗ ಯಾಕಪ್ಪಾ ಆಗ್ತಿಲ್ಲ?" ಡೆಸ್ಕ್‌ಟಾಪ್ ಸಪೋರ್ಟ್ ಕಲಿಯುತ್ತಿರುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆ ಹೋಮ್‌ವರ್ಕ್ ಸಿಗೋದಿಲ್ಲ. ನೋಟ್‌ಬುಕ್‌ನಲ್ಲಿ ಗೀಚಿಕೊಂಡಿದ್ದನ್ನು ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಮೊದಲು ನಾನು ಎಲ್ಲವನ್ನೂ ಒಟ್ಟಿಗೇ ಕೆದಕುತ್ತಿದ್ದೆ. ಫೈರ್‌ವಾಲ್ ಆಫ್ ಮಾಡು, ರೂಟರ್ ಬಂದ್ ಮಾಡಿ ಹಾಕು, ಡ್ರೈವರ್ ಕಿತ್ತು ಹಾಕು. ಕೊನೆಗೆ ಕೆಲಸ ಆದರೂ ಯಾವುದರಿಂದ ಆಯಿತು ಅನ್ನೋದು ಗೊತ್ತಾಗುತ್ತಿರಲಿಲ್ಲ. ಈಗ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಕನೆಕ್ಷನ್ ಎಲ್ಲಿ ತನಕ ಹೋಗಿ ನಿಂತಿತು? ನೆಂಟರ ಮನೆಗೆ ಹೋದ ಹಾಗೆ ಅಂದುಕೊಳ್ಳಿ. ಮನೆಯೇ ಸಿಗಲಿಲ್ಲವಾ? ಮನೆ ಸಿಕ್ಕಿ, ಬಾಗಿಲು ಬಡಿದಾಗ "ಯಾರು?" ಅಂದು ಗುರುತು ಹಿಡಿಯಲಿಲ್ಲವಾ? ಇಲ್ಲಾ ಒಳಗೆ ಕರೆದು ಕೂರಿಸಿ, ಏನನ್ನೂ ಮುಟ್ಟೋಕೆ ಬಿಡುತ್ತಿಲ್ಲವಾ? ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಅದಕ್ಕೂ ಮುಂಚೆ: ಯಾವ ಟೂಲ್?

"ರಿಮೋಟ್" ಅಂತ ಜನ ಹೇಳಿದರೆ ಅದು ಯಾವುದು ಬೇಕಾದರೂ ಆಗಿರಬಹುದು. ವಿಂಡೋಸ್‌ನಲ್ಲೇ ಮೂರಿವೆ. ರಿಮೋಟ್ ಡೆಸ್ಕ್‌ಟಾಪ್ ಅಂದರೆ ಪಾಸ್‌ವರ್ಡ್ ಕೊಟ್ಟು ಇಡೀ ಕಂಪ್ಯೂಟರನ್ನು ನಮ್ಮ ಕೈಗೆ ತೆಗೆದುಕೊಳ್ಳೋದು. ಆಗ ಅಲ್ಲಿರುವವರಿಗೆ ಲಾಕ್ ಸ್ಕ್ರೀನ್ ಮಾತ್ರ ಕಾಣುತ್ತದೆ. ರಿಮೋಟ್ ಅಸಿಸ್ಟೆನ್ಸ್ ಎಕ್ಸ್‌ಪಿ ಕಾಲದ ಮುದುಕ. ಆಹ್ವಾನದ ಫೈಲ್ ಕಳಿಸಿ, ಇಬ್ಬರೂ ಒಂದೇ ಸ್ಕ್ರೀನ್ ನೋಡುವ ವ್ಯವಸ್ಥೆ. ಕ್ವಿಕ್ ಅಸಿಸ್ಟ್ 2016ರಲ್ಲಿ ವಿಂಡೋಸ್ 10ರ ಜೊತೆ ಬಂದದ್ದು, ಒಂದು ಕೋಡ್ ಹೇಳಿದರೆ ಸಾಕು.

ಅಪ್‌ಗ್ರೇಡ್ ಆದಮೇಲೆ "ಆಗ್ತಿಲ್ಲ" ಅನ್ನುವ ದೂರುಗಳಲ್ಲಿ ಕೆಲವು ನಿಜವಾಗಿ ಕೆಟ್ಟಿರೋದೇ ಇಲ್ಲ, ಆ ದಾರಿಯೇ ಮುಚ್ಚಿರುತ್ತದೆ. ಫೈಲ್ ಕಳಿಸದೆಯೇ ಕನೆಕ್ಟ್ ಆಗುವ, ರಿಮೋಟ್ ಅಸಿಸ್ಟೆನ್ಸ್‌ನ ಈಸಿ ಕನೆಕ್ಟ್ ನೋಡಿ. ವಿಂಡೋಸ್ 7ರಲ್ಲಿ ಬಂದಾಗ ತುಂಬಾ ಚೆನ್ನಾಗಿತ್ತು. ಅದಕ್ಕೆ ಆಧಾರ, ಕಂಪ್ಯೂಟರ್‌ಗಳು ಒಂದನ್ನೊಂದು ಹುಡುಕಿಕೊಳ್ಳುವ ಪಿಎನ್‌ಆರ್‌ಪಿ ಎಂಬ ಸೇವೆ. ಆ ಸೇವೆಯನ್ನು ವಿಂಡೋಸ್ 10ರ ಕಾಲದಲ್ಲೇ ತೆಗೆದುಹಾಕಿದರು. ಇನ್ನು ಎಷ್ಟು ರಿಪೇರಿ ಮಾಡಿದರೂ ಅದು ಏಳೋದಿಲ್ಲ. ಹಾಗೇ ಕ್ವಿಕ್ ಅಸಿಸ್ಟ್ 2022ರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ಗೆ ಸ್ಥಳ ಬದಲಿಸಿತು. ಹಳೇ ಆವೃತ್ತಿ ಕಂಪ್ಯೂಟರ್‌ನಲ್ಲಿ ಹಾಗೇ ಉಳಿದಿದ್ದರೆ ತೆರೆಯುತ್ತದೆ, ಆದರೆ ಕನೆಕ್ಟ್ ಆಗೋದಿಲ್ಲ. ಸ್ಟೋರ್‌ನಿಂದ ಹೊಸದನ್ನು ಹಾಕಿಕೊಳ್ಳಬೇಕು.

ಇನ್ನೊಂದು, ಆವೃತ್ತಿ ಹೋಮಾ, ಪ್ರೋನಾ? ಹೋಮ್ ಆವೃತ್ತಿಯಿಂದ ಬೇರೆ ಕಂಪ್ಯೂಟರಿಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೋಗಬಹುದು. ಹೋಮ್ ಆವೃತ್ತಿಯೊಳಕ್ಕೆ ಯಾರೂ ಬರೋಕೆ ಆಗೋದಿಲ್ಲ. ಹಳೇ ಕಂಪ್ಯೂಟರ್ ಬಿಟ್ಟು ಹೊಸ ಲ್ಯಾಪ್‌ಟಾಪ್ ತಗೊಂಡವರು ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ಮನೆಯೇ ಸಿಗದಿದ್ದರೆ

ಬಹಳ ಹೊತ್ತು ಸುತ್ತಿ ಸುತ್ತಿ ಕೊನೆಗೆ "ಕಂಪ್ಯೂಟರ್ ಸಿಗುತ್ತಿಲ್ಲ" ಅಂತ ಬಂದರೆ ಇದು ಮೊದಲ ಹಂತ. ಮೊದಲು ಕಂಪ್ಯೂಟರಿನ ಹೆಸರು ಬಿಟ್ಟು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಅಂಕಿಗಳ ವಿಳಾಸ) ಕೊಟ್ಟು ನೋಡಿ. ಅದರಲ್ಲಿ ಆದರೆ ತೊಂದರೆ ಹೆಸರು ಹುಡುಕೋದರಲ್ಲಿ ಮಾತ್ರ. ಅಲ್ಲಿನ ನೆಟ್‌ವರ್ಕ್ 'ಪಬ್ಲಿಕ್' ಅಂತ ಗುರುತಾಗಿದ್ದರೆ ಹೀಗಾಗುತ್ತದೆ. ಮನೆಯ ವೈಫೈ ಆದರೆ 'ಪ್ರೈವೇಟ್' ಮಾಡಿ.

ಪಿಂಗ್ ಮಾಡಿ, ಅಂದರೆ "ಇದ್ದೀಯಾ?" ಅಂತ ಕೂಗಿ, ಉತ್ತರ ಬರಲಿಲ್ಲ ಅಂತ ಕಂಪ್ಯೂಟರ್ ಸತ್ತೇಹೋಗಿದೆ ಅಂದುಕೊಳ್ಳಬೇಡಿ. ವಿಂಡೋಸ್ ಫೈರ್‌ವಾಲ್ ಪಿಂಗ್‌ಗೆ ಬಾಯಿ ಬಿಡದೇ ಇರೋದು ಮಾಮೂಲು. ಕೇಳಬೇಕಾದದ್ದು ಬೇರೆ: ರಿಮೋಟ್ ಡೆಸ್ಕ್‌ಟಾಪ್ ಬಳಸುವ ಬಾಗಿಲು, ಅಂದರೆ 3389ನೇ ಪೋರ್ಟ್, ತೆರೆದಿದೆಯಾ? ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಆಜ್ಞೆಗೆ ಐಪಿ ಮತ್ತು ಈ ಪೋರ್ಟ್ ಸಂಖ್ಯೆ ಕೊಟ್ಟರೆ ಕೊನೆಯ ಸಾಲಿನಲ್ಲಿ 'ಟ್ರೂ' ಅಥವಾ 'ಫಾಲ್ಸ್' ಬರುತ್ತದೆ. ಟ್ರೂ ಬಂದರೆ ನೆಟ್‌ವರ್ಕಿನ ಕಡೆ ತಲೆ ಹಾಕಬೇಡಿ, ಮುಂದಿನ ಹಂತಕ್ಕೆ ಹೋಗಿ. ಫಾಲ್ಸ್ ಬಂದರೆ ಆ ಕಡೆ ಸೆಟ್ಟಿಂಗ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಆನ್ ಇದೆಯಾ, ಬೇರೆ ಆಂಟಿವೈರಸ್ ತನ್ನದೇ ಫೈರ್‌ವಾಲ್ ಇಟ್ಟುಕೊಂಡು ಕೂತಿದೆಯಾ, ಕಂಪ್ಯೂಟರ್ ನಿದ್ದೆಗೆ ಜಾರಿದೆಯಾ ನೋಡಿ. ನಿದ್ದೆ ವಿಷಯ ಕೇಳಿ ನಗಬೇಡಿ. ನಾನು ಒಂದು ಭಾನುವಾರ ಅರ್ಧ ದಿನ ಫೈರ್‌ವಾಲ್ ತಡಕಾಡಿದ್ದು ನಿದ್ದೆ ಮಾಡುತ್ತಿದ್ದ ಕಂಪ್ಯೂಟರಿಗಾಗಿ.

ಊರಲ್ಲಿರುವ ಮನೆಗೆ ಬೆಂಗಳೂರಿಂದ ಕನೆಕ್ಟ್ ಮಾಡೋದಾದರೆ ಕಥೆ ಬೇರೆ. ಈಗ ಹಲವು ಬ್ರಾಡ್‌ಬ್ಯಾಂಡ್ ಕಂಪನಿಗಳು ಬಹಳ ಮನೆಗಳನ್ನು ಒಂದೇ ಹೊರಗಿನ ವಿಳಾಸದ ಹಿಂದೆ ಕೂರಿಸುತ್ತವೆ. ರೂಟರ್‌ನಲ್ಲಿ ಕಾಣುವ ಹೊರವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ನಿಮ್ಮದೂ ಹಾಗೇ. ಹೊರಗಿಂದ ನೇರವಾಗಿ ಬಡಿಯೋಕೆ ಬಾಗಿಲೇ ಇಲ್ಲ. ಬಾಗಿಲು ಇದ್ದರೂ ರೂಟರ್‌ನಲ್ಲಿ 3389 ತೆರೆದಿಡಬೇಡಿ. 2019ರ ಮೇ ತಿಂಗಳಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲೇ ಬ್ಲೂಕೀಪ್ ಅನ್ನುವ ತೂತು ಬಯಲಾದಾಗ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿ ಐದು ವರ್ಷವಾಗಿದ್ದ ಎಕ್ಸ್‌ಪಿಗೂ ಪ್ಯಾಚ್ ಕೊಟ್ಟಿತು. ಪಾಸ್‌ವರ್ಡ್ ಇಲ್ಲದೆಯೇ ಒಳಗೆ ನುಗ್ಗಬಹುದಾದ ತೂತು ಅದು. ಮನೆಯವರಿಗೆ ಸಹಾಯ ಮಾಡೋಕೆ ಕ್ವಿಕ್ ಅಸಿಸ್ಟ್ ಥರದ್ದೇ ಸರಿ. ಎರಡೂ ಕಡೆಯವರು 443ನೇ ಪೋರ್ಟಿನಿಂದ ಹೊರಗೆ ಹೋಗಿ ಮಧ್ಯದಲ್ಲಿ ಭೇಟಿಯಾಗುತ್ತಾರೆ.

"ಯಾರು?" ಅಂದಾಗ

ಅಪ್‌ಗ್ರೇಡ್ ಆದಮೇಲಿನ ತಲೆನೋವು ನನ್ನ ಅನುಭವದಲ್ಲಿ ಜಾಸ್ತಿ ಇರೋದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ಒಂದು ಡೆಸ್ಕ್‌ಟಾಪ್ ಇದೆ, ಪ್ರೋ ಆವೃತ್ತಿ. ಕೆಳಗೆ ಲ್ಯಾಪ್‌ಟಾಪಿನಿಂದ ಅದಕ್ಕೆ ಕನೆಕ್ಟ್ ಆಗಿ ಅಭ್ಯಾಸ ಮಾಡುತ್ತಿದ್ದೆ. ಅಪ್‌ಗ್ರೇಡ್ ಮುಗಿದ ದಿನ ಹೆಸರು, ಪಾಸ್‌ವರ್ಡ್ ಕೊಟ್ಟೆ. 'ನಿಮ್ಮ ಗುರುತು ಸರಿಯಿಲ್ಲ' ಅಂತ ಬಂತು. ಮತ್ತೆ ಕೊಟ್ಟೆ. ಕ್ಯಾಪ್ಸ್ ಲಾಕ್ ನೋಡಿದೆ. ಮೇಲೆ ಹತ್ತಿ ಹೋಗಿ ಅದೇ ಕಂಪ್ಯೂಟರ್ ಮುಂದೆ ಕೂತು ನಾಲ್ಕಂಕಿ ಒತ್ತಿದೆ, ಸಲೀಸಾಗಿ ತೆರೆಯಿತು. ಕೆಳಗಿಳಿದು ಅದೇ ನಾಲ್ಕಂಕಿ ಕೊಟ್ಟೆ. ಇಲ್ಲ. ಮೆಟ್ಟಿಲು ಹತ್ತಿ ಇಳಿದಿದ್ದೇ ಬಂತು.

ತಪ್ಪು ನನ್ನದೇ. ಅಪ್‌ಗ್ರೇಡ್ ಮುಗಿದಾಗ ಕೇಳಿದ ಪ್ರಶ್ನೆಗಳಿಗೆಲ್ಲ ಓದದೆ ಸುಮ್ನೆ ಮುಂದೆ ಮುಂದೆ ಒತ್ತಿದ್ದೆ. ಇಮೇಲ್ ಕೇಳಿತು, ಕೊಟ್ಟೆ. ಪಿನ್ ಕೇಳಿತು, ಕೊಟ್ಟೆ. ಅಷ್ಟರಲ್ಲಿ ನನ್ನ ಹಳೇ ಲೋಕಲ್ ಖಾತೆ ಮೈಕ್ರೋಸಾಫ್ಟ್ ಖಾತೆಯಾಗಿತ್ತು. ಈಗ ಹೆಸರು ಹಳೇದಲ್ಲ, ಇಮೇಲ್ ವಿಳಾಸ. ಪಾಸ್‌ವರ್ಡ್ ಕೂಡ ಹಳೇದಲ್ಲ, ಆ ಇಮೇಲ್ ಖಾತೆಯದ್ದು. ಪಿನ್ ಅಂತೂ ಬೇರೆ ಕಡೆಯಿಂದ ನಡೆಯೋದೇ ಇಲ್ಲ. ಅದು ಆ ಒಂದು ಕಂಪ್ಯೂಟರಿಗೆ ಮಾತ್ರ ಕಟ್ಟಿದ ಬೀಗದ ಕೈ. ರಿಮೋಟ್ ಡೆಸ್ಕ್‌ಟಾಪ್ ಕೇಳೋದು ಪಾಸ್‌ವರ್ಡ್.

ಇಷ್ಟು ತಿಳಿದು ಸರಿಯಾದ ಇಮೇಲ್, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಕೆಲವೊಮ್ಮೆ ಆಗೋದಿಲ್ಲ. ಪಿನ್ ಬಿಟ್ಟು ಪಾಸ್‌ವರ್ಡಿನಲ್ಲಿ ಒಮ್ಮೆಯೂ ಲಾಗಿನ್ ಆಗದ ಕಂಪ್ಯೂಟರಿಗೆ ಆ ಪಾಸ್‌ವರ್ಡಿನ ಪರಿಚಯವೇ ಇರೋದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ. ವಿಂಡೋಸ್ ಹಲೋ (ಪಿನ್, ಮುಖ, ಬೆರಳಚ್ಚು) ಮೂಲಕ ಮಾತ್ರ ಲಾಗಿನ್ ಆಗಲು ಬಿಡುವ ಒಂದು ಸ್ವಿಚ್ ಅಲ್ಲಿದೆ, ಅದನ್ನು ಆಫ್ ಮಾಡಿ. ಸ್ಕ್ರೀನ್ ಲಾಕ್ ಮಾಡಿ ಪಿನ್ ಬದಲು ಪಾಸ್‌ವರ್ಡ್ ಕೊಟ್ಟು ಒಮ್ಮೆ ಒಳಗೆ ಬನ್ನಿ. ಆಮೇಲೆ ಕೆಳಗಿನಿಂದ ಪ್ರಯತ್ನಿಸಿ. ನನಗೆ ಮೊದಲ ಸಲಕ್ಕೇ ಆಯಿತು. ಇದು ಗೊತ್ತಿದ್ದಿದ್ದರೆ ಆರೇಳು ಸಲ ಮೆಟ್ಟಿಲು ಹತ್ತೋದು ತಪ್ಪುತ್ತಿತ್ತು.

ಆಫೀಸ್ ಕಂಪ್ಯೂಟರ್‌ಗಳಲ್ಲಿ ಇನ್ನೊಂದು ರೀತಿ ಇದೆ. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಎಂಟರ್‌ಪ್ರೈಸ್ ಮತ್ತು ಎಜುಕೇಶನ್‌ನಲ್ಲಿ ಲಾಗಿನ್ ಗುಟ್ಟುಗಳನ್ನು ಕಾಯುವ ಕ್ರೆಡೆನ್ಶಿಯಲ್ ಗಾರ್ಡ್ ತಾನಾಗಿಯೇ ಆನ್ ಆಗುತ್ತದೆ. ಅದು ಉಳಿಸಿಟ್ಟ ಪಾಸ್‌ವರ್ಡ್ ಬಳಸೋಕೆ ಬಿಡೋದಿಲ್ಲ. ಪ್ರತಿಸಲ ಟೈಪ್ ಮಾಡಿದರೆ ಆಯಿತು. ಕಿರಿಕಿರಿ ಹೌದು, ಆದರೆ ಆಫ್ ಮಾಡಿ ಅಂತ ನಾನು ಹೇಳೋದಿಲ್ಲ.

ಇಲ್ಲೇ ಒಂದು ಹಳೇ ಪಾಠ ನೆನಪಿಡಬೇಕು. 2018ರ ಮೇ ತಿಂಗಳ ಅಪ್‌ಡೇಟ್ ಆದಮೇಲೆ ಎಷ್ಟೋ ಕಡೆ ರಿಮೋಟ್ ಡೆಸ್ಕ್‌ಟಾಪ್ ಒಮ್ಮೆಗೇ ನಿಂತಿತು. ಪರದೆ ಮೇಲೆ 'ಕ್ರೆಡ್‌ಎಸ್‌ಎಸ್‌ಪಿ' (ಹೆಸರು, ಪಾಸ್‌ವರ್ಡ್ ದಾಟಿಸುವ ವ್ಯವಸ್ಥೆ) ಅನ್ನುವ ಪದ ಇದ್ದ ಎರರ್. ಎಲ್ಲರೂ ಅಪ್‌ಡೇಟ್ ಆದ ಕಂಪ್ಯೂಟರನ್ನೇ ಬೈದರು. ಆದರೆ ಅದು ಸರಿಯಾಗಿಯೇ ಇತ್ತು. ಎದುರಿನ ಕಂಪ್ಯೂಟರ್‌ಗೆ ಮಾರ್ಚ್‌ನಲ್ಲಿ ಬಂದ ಪ್ಯಾಚ್ ಹಾಕಿರಲಿಲ್ಲ, ಅದಕ್ಕೇ ಹೊಸದು ಅದರ ಜೊತೆ ಮಾತಾಡೋಕೆ ಒಪ್ಪಲಿಲ್ಲ. ಅಂದರೆ ಒಂದು ಕಡೆ ಅಪ್‌ಗ್ರೇಡ್ ಆದಾಗ ಕಾಯಿಲೆ ಇನ್ನೊಂದು ಕಡೆಯದ್ದೂ ಆಗಿರಬಹುದು. ಪಾಲಿಸಿ ಸಡಿಲ ಮಾಡಿ ದಾರಿ ಮಾಡಿಕೊಳ್ಳೋದು ಬೇಡ, ಹಳೇದನ್ನು ಅಪ್‌ಡೇಟ್ ಮಾಡಿ.

ಒಳಗೆ ಹೋದ ಮೇಲೆ ನಿಂತರೆ

ಕನೆಕ್ಟ್ ಆಗಿ ಸ್ವಲ್ಪ ಹೊತ್ತಿಗೆ ಚಿತ್ರ ಹೆಪ್ಪುಗಟ್ಟಿದರೆ ಯುಡಿಪಿಯನ್ನು ಅನುಮಾನಿಸಿ. ಮಾಹಿತಿ ಸಾಗಿಸೋಕೆ ರಿಮೋಟ್ ಡೆಸ್ಕ್‌ಟಾಪ್ ಟಿಸಿಪಿ, ಯುಡಿಪಿ ಅನ್ನುವ ಎರಡೂ ವಿಧಾನ ಬಳಸುತ್ತದೆ. 22ಎಚ್2ರಲ್ಲಿ ಈ ದೂರು ಬಂದಿತ್ತು. 2025ರ ಆರಂಭದಲ್ಲಿ 24ಎಚ್2ರಿಂದ ವಿಂಡೋಸ್ ಸರ್ವರ್ 2016 ಅಥವಾ ಅದಕ್ಕಿಂತ ಹಳೇದಕ್ಕೆ ಹೋದರೆ ಸರಿಯಾಗಿ 65 ಸೆಕೆಂಡಿಗೆ ಕಡಿದುಹೋಗುತ್ತಿತ್ತು, ಮಾರ್ಚ್ ಕೊನೆಯಲ್ಲಿ ಅದಕ್ಕೆ ಅಪ್‌ಡೇಟ್ ಬಂತು. ಪ್ರತಿಸಲ ಒಂದೇ ಹೊತ್ತಿಗೆ ಕಡಿಯುತ್ತಿದ್ದರೆ ಅದು ವೈಫೈ ಕಾಟ ಅಲ್ಲ. ವೈಫೈಗೆ ಅಷ್ಟು ಶಿಸ್ತು ಇರೋದಿಲ್ಲ. ಗ್ರೂಪ್ ಪಾಲಿಸಿಯಲ್ಲಿ (ವಿಂಡೋಸ್‌ನ ನಿಯಮಗಳನ್ನು ಇಡುವ ಜಾಗ) ಕ್ಲೈಂಟ್ ಕಡೆ, ಅಂದರೆ ನಾವು ಕೂತಿರುವ ಕಡೆ, ಯುಡಿಪಿ ಆಫ್ ಮಾಡಿ ನೋಡಿ. ಕಡಿಯೋದು ನಿಂತರೆ ಕಾರಣ ಸಿಕ್ಕಿತು.

ಕ್ವಿಕ್ ಅಸಿಸ್ಟ್‌ನಲ್ಲಿ ಬೇರೆಯದೇ ಆಟ. ಸಾಗರದಲ್ಲಿರುವ ಚಿಕ್ಕಮ್ಮನ ಪ್ರಿಂಟರ್ ಸರಿ ಮಾಡೋಕೆ ಕೂತಿದ್ದೆ. ಸಹಾಯ ಮಾಡುವವರು ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಬೇಕು, ಪಡೆಯುವವರಿಗೆ ಬೇಡ. ಕೋಡ್ ಹತ್ತು ನಿಮಿಷ ಮಾತ್ರ ನಡೆಯುತ್ತದೆ. ಚಿಕ್ಕಮ್ಮ ಕನ್ನಡಕ ಹುಡುಕಿ ತರುವಷ್ಟರಲ್ಲಿ ಮೊದಲನೇದು ಮುಗಿದಿತ್ತು, ಎರಡನೇದು ಹಿಡಿಯಿತು. ಸ್ಕ್ರೀನ್ ಬಂತು, ಮೌಸ್ ಆಡಲಿಲ್ಲ. ಹೊಸ ಆವೃತ್ತಿಯಲ್ಲಿ ಮೊದಲು ನೋಡೋಕೆ ಮಾತ್ರ ಸಿಗುತ್ತದೆ. ನಾವು ಕಂಟ್ರೋಲ್ ಕೇಳಬೇಕು, ಅವರು ಮತ್ತೊಮ್ಮೆ ಒಪ್ಪಬೇಕು. ಒಪ್ಪಿದರು. ಡ್ರೈವರ್ ಹಾಕೋಕೆ ಹೊರಟೆ, ನನ್ನ ಕಡೆ ಪೂರ್ತಿ ಕಪ್ಪು.

"ಕನೆಕ್ಷನ್ ಹೋಯ್ತು ಚಿಕ್ಕಮ್ಮ" ಅಂದೆ.

"ಇಲ್ವಲ್ಲೋ, ಇಲ್ಲಿ ಏನೋ ಕೇಳ್ತಾ ಇದೆ. ಯೆಸ್ ನೋ ಅಂತ ಇದೆ. ನಾನು ಮುಟ್ಟಬಾರದು ಅಂತ ಕೈಕಟ್ಟಿ ಕೂತಿದೀನಿ."

ಅನುಮತಿ ಕೇಳುವ ಆ ಪೆಟ್ಟಿಗೆ ಬಂದಾಗ ವಿಂಡೋಸ್ ಬೇರೆ ಭದ್ರವಾದ ಪರದೆಗೆ ಹೋಗುತ್ತದೆ. ದೂರದವರಿಗೆ ಅದು ಕಾಣೋದಿಲ್ಲ, ಕಾಣಬಾರದು ಕೂಡ. ಅಲ್ಲಿರುವವರೇ ಓದಿ ಯೆಸ್ ಒತ್ತಬೇಕು. ಈಗ ಶುರುವಿನಲ್ಲೇ ಹೇಳಿಬಿಡುತ್ತೇನೆ: ನನಗೆ ಕಪ್ಪಾದರೆ ನಿಮಗೇನು ಕಾಣ್ತಿದೆ ಅಂತ ಓದಿ ಹೇಳಿ.

ಚಿಕ್ಕಮ್ಮನಿಗೆ ಇನ್ನೊಂದು ಮಾತು ಹೇಳಿದ್ದೇನೆ. ಕೋಡ್ ಕೊಡೋದು ತಾನಾಗಿ ನನಗೆ ಫೋನ್ ಮಾಡಿದಾಗ ಮಾತ್ರ. ಬ್ಯಾಂಕಿನಿಂದ ಅಂತ ಯಾರಾದರೂ ಫೋನ್ ಮಾಡಿ ಕೇಳಿದರೆ ಇಟ್ಟುಬಿಡೋದು. ಎನಿಡೆಸ್ಕ್ ಅನ್ನುವ ರಿಮೋಟ್ ಆ್ಯಪ್ ಹಾಕಿಸಿ ದುಡ್ಡು ಹೊಡೆಯುವವರ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಮೋಸ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್.

ಮ್ಯಾಕ್ ಮತ್ತು ಉಬುಂಟು ಇದ್ದವರಿಗೆ

ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾದಿಂದ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಬೇರೆಯಾಗಿ ಕೊಡಬೇಕು. ಕೊಡದಿದ್ದರೆ ಕನೆಕ್ಟ್ ಆಗುತ್ತದೆ, ಆದರೆ ವಾಲ್‌ಪೇಪರ್ ಬಿಟ್ಟು ಹೆಚ್ಚೇನೂ ಕಾಣೋದಿಲ್ಲ. ಮೌಸ್ ಆಡಿಸೋಕೆ ಆಕ್ಸೆಸಿಬಿಲಿಟಿ ಅನುಮತಿ ಬೇರೆ. ಅಪ್‌ಗ್ರೇಡ್ ನಂತರ ಪಟ್ಟಿಯಲ್ಲಿ ಟಿಕ್ ಇದ್ದರೂ ಕೆಲಸ ಮಾಡದಿದ್ದರೆ ಆ ಆ್ಯಪನ್ನು ಪಟ್ಟಿಯಿಂದ ತೆಗೆದು ಮತ್ತೆ ಸೇರಿಸಿ.

ಉಬುಂಟು 22.04ಕ್ಕೆ ಬಂದವರು ಎರಡು ಬದಲಾವಣೆ ಗಮನಿಸಿ. ಸ್ಕ್ರೀನ್ ಹಂಚಿಕೆಗೆ ವಿಎನ್‌ಸಿ ಅನ್ನುವ ಹಳೇ ವಿಧಾನದ ಬದಲು ಆರ್‌ಡಿಪಿ (ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನದ್ದೇ ವಿಧಾನ) ಮುಖ್ಯವಾಯಿತು, ಹಾಗಾಗಿ ಪೋರ್ಟ್ 5900 ಅಲ್ಲ, 3389. ಪರದೆ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆ ಹೊಸ ವೇಲ್ಯಾಂಡ್ ಆಗಿದ್ದರೆ ಹಳೇ ರಿಮೋಟ್ ಆ್ಯಪ್‌ಗಳು ಗೊಂದಲ ಮಾಡಿಕೊಳ್ಳುತ್ತವೆ. ಲಾಗಿನ್ ಪರದೆಯ ಮೂಲೆಯ ಚಕ್ರ ಒತ್ತಿ ಹಳೇ ವ್ಯವಸ್ಥೆಯಾದ ಎಕ್ಸ್‌ಆರ್ಗ್ (Xorg) ಆರಿಸಿ ನೋಡಬಹುದು. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ರೀಸ್ಟಾರ್ಟ್ ಆದಾಗಲೆಲ್ಲ ಹಂಚಿಕೆಯ ಪಾಸ್‌ವರ್ಡ್ ಒಪ್ಪುತ್ತಿರಲಿಲ್ಲ. ಆ ಪಾಸ್‌ವರ್ಡ್ ಇರೋದು ಕೀರಿಂಗ್‌ನಲ್ಲಿ, ಅಂದರೆ ಉಬುಂಟು ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಪೆಟ್ಟಿಗೆಯಲ್ಲಿ. ಕೀರಿಂಗ್ ತೆರೆಯೋದು ನಾವು ಲಾಗಿನ್ ಪಾಸ್‌ವರ್ಡ್ ಟೈಪ್ ಮಾಡಿದಾಗ. ನಾನು ಆಟೋ ಲಾಗಿನ್ ಇಟ್ಟಿದ್ದೆ, ಟೈಪ್ ಮಾಡುವವರೇ ಇರಲಿಲ್ಲ. ಆಟೋ ಲಾಗಿನ್ ತೆಗೆದೆ, ಸರಿಹೋಯಿತು.