ಕೊಳಕು ಕೆಸರಲ್ಲೂ ಹುಳು ಗಿಜಿಗುಡುತ್ತವಲ್ಲ, ಮತ್ತೇನು ತೊಂದರೆ?

ಮುಂಬೈ ಪಕ್ಕದ ಥಾಣೆ ಖಾಡಿಯ (ಸಮುದ್ರದ ನೀರು ನೆಲದೊಳಕ್ಕೆ ಚಾಚಿದ ಕಿರುಕೊಲ್ಲಿ) ದಡದಲ್ಲಿರುವ ಐರೋಲಿಯ ಓದುಗರೊಬ್ಬರ ಪ್ರಶ್ನೆ ಇದು: "ಥಾಣೆ ಖಾಡಿಯ ಕೆಸರು ಅಷ್ಟು ನಾರುತ್ತದೆ, ಆದರೂ ಕೆದಕಿದರೆ ಹುಳುಗಳೋ ಹುಳುಗಳು. ಮಾಲಿನ್ಯದಿಂದ ಅವಕ್ಕೇನೂ ಆಗಿಲ್ಲ ಅಂತಲೇ ಅಲ್ವಾ?" ಬೇರೆಯವರೂ ಇದನ್ನೇ ಕೇಳುತ್ತಿರುತ್ತಾರೆ.

ಅಲ್ಲ. ಎಷ್ಟು ಹುಳು ಇವೆ ಅನ್ನುವುದಲ್ಲ, ಎಷ್ಟು ಬಗೆಯವು ಇವೆ ಅಂತ ನೋಡಬೇಕು. ಚರಂಡಿ ನೀರು ಬೀಳುವ ಕಡೆ ಕೆಸರಿನ ಆಮ್ಲಜನಕ ಖಾಲಿಯಾಗುತ್ತದೆ. ಆ ಕೊಳೆತ ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡಿನದು. ದೊಡ್ಡದಾಗಿ, ನಿಧಾನಕ್ಕೆ ಬೆಳೆಯುವ ಹುಳುಗಳು ಮೊದಲು ಇಲ್ಲವಾಗುತ್ತವೆ. ಆಮೇಲೆ ಕ್ಯಾಪಿಟೆಲ್ಲಾ ತರದ ಸಣ್ಣ ಕೆಂಪು ಹುಳುಗಳದ್ದೇ ರಾಜ್ಯ: ಬೇಗ ಬೆಳೆದು, ಬೇಗ ಮೊಟ್ಟೆಯಿಟ್ಟು, ಪೈಪೋಟಿಗೆ ಯಾರೂ ಇಲ್ಲದ ಜಾಗವನ್ನೆಲ್ಲ ತುಂಬಿಬಿಡುತ್ತವೆ.

ಲೋಹಗಳ ಕಥೆ ಇನ್ನೂ ಉದ್ದ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ರೆಸ್ಟ್ರಾಂಗೆಟ್ ಅನ್ನುವ ಖಾಡಿಯಿದೆ. ಹಳೆಯ ಗಣಿಗಳಿಂದ ಅಲ್ಲಿ ತಾಮ್ರ ತುಂಬಿಕೊಂಡಿದೆ. ಬೇರೆ ಕಡೆಯ ನೆರೀಸ್ (ಕೆಸರಲ್ಲಿ ಬಿಲ ಕೊರೆದು ಬದುಕುವ ಒಂದು ಹುಳು) ಸಾಯುವಷ್ಟು ತಾಮ್ರದಲ್ಲಿ ಅಲ್ಲಿನ ನೆರೀಸ್ ಬದುಕುತ್ತದೆ. ತಲೆಮಾರುಗಳಿಂದ ತಾಳಿಕೊಂಡವೇ ಉಳಿದಿವೆ. ಆದರೆ ತಾಳಿಕೆ ಪುಕ್ಕಟೆ ಬರುವುದಿಲ್ಲ, ವಿಷವನ್ನು ಕಟ್ಟಿಹಾಕಲು ಶಕ್ತಿ ಬೇಕು, ಅಷ್ಟರಮಟ್ಟಿಗೆ ಬೆಳೆಯಲು, ಮರಿ ಮಾಡಲು ಕೊರತೆ. ಅಮೆರಿಕದ ಹಡ್ಸನ್ ನದಿಯ ಫೌಂಡ್ರಿ ಕೋವ್‌ನಲ್ಲಿ ಇದು ಚೆನ್ನಾಗಿ ಕಂಡಿತು (ಅಲ್ಲಿನದು ಸಿಹಿನೀರಿನ ಹುಳು, ಇವುಗಳ ನೆಂಟ). ಬ್ಯಾಟರಿ ಕಾರ್ಖಾನೆಯ ಕ್ಯಾಡ್ಮಿಯಮ್‌ಗೆ ಒಗ್ಗಿಹೋಗಿದ್ದ ಹುಳುಗಳು, 1994–95ರಲ್ಲಿ ಕೆಸರನ್ನು ತೆಗೆದ ಮೇಲೆ, ಕೆಲವೇ ತಲೆಮಾರುಗಳಲ್ಲಿ ಆ ತಾಳಿಕೆಯನ್ನೇ ಕಳೆದುಕೊಂಡವು. ಬೇಡದಾದಾಗ ಅದು ಹೊರೆಯೇ.

ಹಾಗಾದರೆ ಕಾರ್ಖಾನೆ ನೀರು ನಿಲ್ಲಿಸಿದರೆ ಸಾಕಾ? ಸಾಲದು. ಆಮ್ಲಜನಕ ಇಲ್ಲದ ಕರಿ ಕೆಸರಿನಲ್ಲಿ ಲೋಹಗಳು ಗಂಧಕದ ಜೊತೆ ಸೇರಿ ಸುಮ್ಮನೆ ಕೂತಿರುತ್ತವೆ. ಹುಳು ಬಿಲ ಕೊರೆದು ಮೇಲಿನ ನೀರನ್ನು ಒಳಗೆಳೆದಾಗ ಆಮ್ಲಜನಕ ತಗುಲಿ ಒಂದಿಷ್ಟು ಲೋಹ ಮತ್ತೆ ಬಿಡುಗಡೆಯಾಗುತ್ತದೆ. ಹೂಳೆತ್ತಿದಾಗಲೂ ಅಷ್ಟೇ. ಹತ್ತಾರು ವರ್ಷದ ಹಳೆಯ ಕೊಳಕು ಇವತ್ತಿನ ಹುಳುವಿನ ಹೊಟ್ಟೆ ಸೇರುವುದು ಹೀಗೆ.

ಅಲ್ಲಿಂದ ಮುಂದೆ ಏಡಿ, ಮೀನು, ನಮ್ಮ ಫ್ಲೆಮಿಂಗೋಗಳ ಪೈಕಿ ದೊಡ್ಡ ಜಾತಿಯವು. ಹುಳು ಗಟ್ಟಿ ಹರಳಾಗಿ ಅಡಗಿಸಿಟ್ಟ ಲೋಹ ತಿಂದವರ ಹೊಟ್ಟೆಯಿಂದ ಬಹುಪಾಲು ಹಾಗೇ ಹೊರಹೋಗಬಹುದು, ಮೃದು ಮಾಂಸದಲ್ಲಿರುವುದು ಮಾತ್ರ ಸುಲಭವಾಗಿ ಜೀರ್ಣವಾಗಿ ಅವರ ಮೈ ಸೇರುತ್ತದೆ.