ಸ್ವಂತ ಡಬ್ಬಿ ತಂದರೂ ಮೇಜಿಗೆ ದುಡ್ಡು ಯಾಕೆ?

ಪ್ರಶ್ನೆ: "ಸರ್, ನಾವು ನಾಲ್ಕು ಜನ ಶನಿವಾರ ಒಂದು ಬೋರ್ಡ್ ಗೇಮ್ ಅಂಗಡಿಗೆ ಹೋಗಿದ್ವಿ. ಆಟದ ಡಬ್ಬಿ ನಮ್ಮದೇ. ಅದನ್ನೂ ಆರು ತಿಂಗಳ ಹಿಂದೆ ಅದೇ ಅಂಗಡಿಯಲ್ಲೇ ತಗೊಂಡಿದ್ದು. ಆದ್ರೂ ಮೇಜಿಗೆ ಅಂತ ತಲೆಗೆ 150 ರೂಪಾಯಿ ತಗೊಂಡ್ರು. ಮೇಜು ಹೇಗೂ ಖಾಲಿ ಬಿದ್ದಿತ್ತು. ನಾವು ಕೂತ್ರೆ ಅವರಿಗೇನು ನಷ್ಟ? ಇದು ಸರೀನಾ?"

ಸರಿ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ಬಿಟ್ಟರೆ ಮುಂದಿನ ವಾರ ಇದೇ ಪ್ರಶ್ನೆ ಮತ್ತೆ ಬರುತ್ತದೆ ಎಂದು ನನಗೆ ಗೊತ್ತು. ಕಳಿಸುವವರ ಏರಿಯಾ ಬದಲಾಗುತ್ತದೆ, ರೂಪಾಯಿ ಬದಲಾಗುತ್ತದೆ. "ಮೇಜು ಹೇಗೂ ಖಾಲಿ ಬಿದ್ದಿತ್ತು" ಅನ್ನೋ ವಾಕ್ಯ ಮಾತ್ರ ಅಕ್ಷರ ಬದಲಾಗದೆ ಬರುತ್ತದೆ. ಹಾಗಾಗಿ ಇವತ್ತು ಆ ಒಂದು ವಾಕ್ಯವನ್ನೇ ಹಿಡಿದು ಕೂರುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪೂರ್ತಿ ಹೊರಗಿನವನಲ್ಲ. ದಕ್ಷಿಣ ಬೆಂಗಳೂರಿನಲ್ಲಿ ಗೆಳೆಯನೊಬ್ಬ ಇಂಥದ್ದೇ ಒಂದು ಅಂಗಡಿ ಇಟ್ಟಿದ್ದ. ಎರಡು ವರ್ಷ ಭಾನುವಾರಗಳಲ್ಲಿ ಅವನ ಗಲ್ಲಾದ ಹಿಂದೆ ನಾನೇ ಕೂತಿದ್ದೆ. ಸಂಬಳ ಇರಲಿಲ್ಲ. ಕಾಫಿ ಇತ್ತು.

ಮೆಜೆಸ್ಟಿಕ್ಕಿಗೆ ಹೊರಟ ಬಸ್ಸು ಹತ್ತಿ. ಅರ್ಧ ಸೀಟು ಖಾಲಿ. ಕಂಡಕ್ಟರ್ ಬಂದಾಗ ಹೇಳಿ ನೋಡಿ: "ಬಸ್ಸು ಹೇಗೂ ಮೆಜೆಸ್ಟಿಕ್ಕಿಗೆ ಹೋಗ್ತಾ ಇದೆ, ಸೀಟು ಹೇಗೂ ಖಾಲಿ ಇದೆ, ನಾನು ಕೂತ್ರೆ ನಿಮಗೇನು ನಷ್ಟ?" ಮುಂದಿನ ಸ್ಟಾಪಿನಲ್ಲಿ ಇಳಿಸುತ್ತಾರೆ. ಅದನ್ನು ನೀವೂ ತಪ್ಪು ಅನ್ನೋದಿಲ್ಲ. (ಹೆಂಗಸರಿಗೆ ಪುಕ್ಕಟೆ ಅಲ್ವಾ ಎಂದು ಈಗಲೇ ಯಾರೋ ಬರೆಯಲು ಹೊರಟಿದ್ದೀರಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ನಿಜ. ಅಲ್ಲೂ ಶೂನ್ಯ ಟಿಕೆಟ್ ಕೊಡುತ್ತಾರೆ. ಯಾಕೆಂದರೆ ಆ ಸೀಟಿನ ದುಡ್ಡನ್ನು ಸರ್ಕಾರ ಕಟ್ಟಬೇಕು. ಪುಕ್ಕಟೆ ಸೀಟಿಗೂ ಲೆಕ್ಕ ಇದೆ.)

ಈಗ ಅಂಗಡಿಗೆ ಬನ್ನಿ. ನಾಲ್ಕು ಜನ ಕೂರುವ ಒಂದು ಮೇಜು. ಸುತ್ತ ಕುರ್ಚಿ, ಕುರ್ಚಿ ಹಿಂದಕ್ಕೆ ಎಳೆಯೋಕೆ ಜಾಗ. ಕಡಿಮೆ ಅಂದ್ರೂ 60 ಚದರ ಅಡಿ ಬೇಕು. ಬಾಡಿಗೆ ಏರಿಯಾ ಏರಿಯಾಕ್ಕೆ ಬೇರೆ. ಲೆಕ್ಕ ಸುಲಭವಾಗಲಿ ಎಂದು ಚದರ ಅಡಿಗೆ ತಿಂಗಳಿಗೆ 100 ರೂಪಾಯಿ ಇಟ್ಟುಕೊಳ್ಳಿ. ಒಂದು ಮೇಜಿಗೆ 6,000. ಮೇಜಿನ ಜೊತೆ ಓಡಾಡುವ ದಾರಿ ಬೇಕು, ಗಲ್ಲಾ ಬೇಕು, ಡಬ್ಬಿ ಜೋಡಿಸುವ ಕಪಾಟು ಬೇಕು, ಟಾಯ್ಲೆಟ್ ಬೇಕು. ಅದರ ಪಾಲು ಇನ್ನೊಂದು 6,000 ಅನ್ನಿ. ತಿಂಗಳಿಗೆ 12,000 ಆಯಿತು. ಅಡ್ವಾನ್ಸ್ ಎಂದು ಮೊದಲೇ ಕಟ್ಟಿದ್ದರ ಮಾತು ಬೇಡ, ಬೆಂಗಳೂರಿನವರಿಗೆ ಅದನ್ನು ವಿವರಿಸಬೇಕಾ?

ಈ ಮೇಜು ತಿಂಗಳಲ್ಲಿ ಎಷ್ಟು ಗಂಟೆ ತುಂಬಿರುತ್ತದೆ? ಸೋಮವಾರದಿಂದ ಗುರುವಾರದವರೆಗೆ ಫ್ಯಾನು ತಿರುಗುತ್ತದೆ, ಅಷ್ಟೇ. ನಾನು ನೋಡಿದ ಹಾಗೆ ಜನ ಬರೋದು ಶುಕ್ರವಾರ ಸಂಜೆ, ಶನಿವಾರ, ಭಾನುವಾರ. ಧಾರಾಳವಾಗಿ ವಾರಕ್ಕೆ 20 ಗಂಟೆ ಅನ್ನಿ, ತಿಂಗಳಿಗೆ 80. ಹನ್ನೆರಡು ಸಾವಿರವನ್ನು 80ರಿಂದ ಭಾಗಿಸಿದರೆ ಗಂಟೆಗೆ 150. ನೀವು ಮೂರು ಗಂಟೆ ಕೂತಿದ್ದಿರಿ ಅನ್ನಿ. ಬಾಡಿಗೆಯೇ 450 ಆಯಿತು. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 112 ರೂಪಾಯಿ 50 ಪೈಸೆ. ನೀವು ಕೊಟ್ಟಿದ್ದು 150. ಉಳಿದ ಮೂವತ್ತೇಳೂವರೆಯಲ್ಲಿ ಕರೆಂಟು, ಹುಡುಗನ ಸಂಬಳ, ಹರಿದ ಚೀಟಿ, ಎಲ್ಲ ಆಗಬೇಕು.

ಅಂದರೆ ಶನಿವಾರ ನೀವು ಕಟ್ಟುವುದರಲ್ಲಿ ಸೋಮವಾರ ಖಾಲಿ ಬಿದ್ದಿದ್ದ ಮೇಜಿನ ಬಾಡಿಗೆಯೂ ಸೇರಿದೆ. ಕಟ್ಟಡದ ಮಾಲೀಕರು "ಮೇಜು ಖಾಲಿ ಇತ್ತಲ್ಲಾ, ಈ ತಿಂಗಳ ನಾಲ್ಕು ಸೋಮವಾರದ ಬಾಡಿಗೆ ಬಿಟ್ಟುಬಿಡಿ" ಅನ್ನೋದಿಲ್ಲ. ಖಾಲಿ ಮೇಜು ಪುಕ್ಕಟೆ ಅಲ್ಲ. ಅಂಗಡಿಯಲ್ಲಿರುವ ಅತಿ ದುಬಾರಿ ವಸ್ತು ಅದೇ.

"ಹಾಗಾದ್ರೆ ಡಬ್ಬಿ ಮಾರಿದ ಲಾಭ ಎಲ್ಲಿ ಹೋಯ್ತು?" ಇದು ಅದೇ ಮಾತಿನ ತಮ್ಮ. ಕೆಟಾನ್ ಉದಾಹರಣೆ ತಗೊಳ್ಳಿ. ಇಟ್ಟಿಗೆ, ಗೋಧಿ ಅಂತ ಸಾಮಗ್ರಿ ಚೀಟಿ ಕೊಟ್ಟು-ತಗೊಂಡು ರಸ್ತೆ, ಊರು ಕಟ್ಟುವ ಆಟ. 1995ರಲ್ಲಿ ಜರ್ಮನಿಯಲ್ಲಿ ಬಂದಿದ್ದು, ನಮ್ಮೂರಲ್ಲೂ ಎಷ್ಟೋ ಜನ ಶುರು ಮಾಡೋದು ಅದರಿಂದಲೇ. ಒಂದು ಮನೆಗೆ ಎಷ್ಟು ಕೆಟಾನ್ ಬೇಕು? ಒಂದು. ಎಷ್ಟು ವರ್ಷಕ್ಕೆ? ಹತ್ತು ವರ್ಷ ಆಡಿದರೂ ಸವೆಯೋದಿಲ್ಲ. ಕಾಫಿಪುಡಿ ಹದಿನೈದು ದಿನಕ್ಕೆ ಮುಗಿಯುತ್ತದೆ, ಜನ ಮತ್ತೆ ಬರುತ್ತಾರೆ. ಡಬ್ಬಿ ಮುಗಿಯೋದಿಲ್ಲ. ಮೂರು ಸಾವಿರದ ಡಬ್ಬಿಯಲ್ಲಿ 600 ಉಳಿಯಿತು ಅಂತಲೇ ಇಟ್ಟುಕೊಳ್ಳಿ. ಒಂದು ಮೇಜಿನ ಬಾಡಿಗೆ ತೀರಿಸೋಕೆ ತಿಂಗಳಿಗೆ 20 ಡಬ್ಬಿ ಮಾರಬೇಕು. ಐದು ಮೇಜಿದ್ದರೆ ನೂರು. ಇಷ್ಟರ ಮಧ್ಯೆ, ಗಲ್ಲಾದ ಹಿಂದೆ ಕೂತಾಗ ನನಗೆ ನಿಜಕ್ಕೂ ಉರಿಯುತ್ತಿದ್ದ ದೃಶ್ಯ ಒಂದಿದೆ. ಮೂರು ಗಂಟೆ ಆಡುತ್ತಾರೆ, ಖುಷಿಯಾಗುತ್ತಾರೆ, ಡಬ್ಬಿ ಎತ್ತಿ ತಿರುಗಿಸಿ ಹೆಸರು ಓದಿಕೊಳ್ಳುತ್ತಾರೆ, ನನ್ನೆದುರೇ ಫೋನ್ ತೆಗೆದು ಆನ್‌ಲೈನಿನಲ್ಲಿ ಎಷ್ಟು ಕಡಿಮೆಗೆ ಸಿಗುತ್ತೆ ನೋಡುತ್ತಾರೆ.

ನಿಮ್ಮ ಡಬ್ಬಿ ಅದೇ ಅಂಗಡಿಯದ್ದು ಎಂದಿರಿ. ಒಳ್ಳೆಯದು. ಆದರೆ ಹೋಟೆಲಿನಿಂದ ಆರು ತಿಂಗಳ ಹಿಂದೆ ಪಾರ್ಸಲ್ ತಗೊಂಡು ಹೋಗಿದ್ದೆ ಎಂದು ಇವತ್ತು ಮನೆಯಿಂದ ಟಿಫನ್ ಬಾಕ್ಸ್ ತಂದು ಅಲ್ಲೇ ಬಿಚ್ಚೋಕೆ ಆಗುತ್ತಾ?

ಹೋಟೆಲ್ ಅಂದಮೇಲೆ ಇನ್ನೊಂದು ಮಾತು. ಮೇಜಿಗೆ ದುಡ್ಡು ಕೊಡುವುದು ಬೆಂಗಳೂರಿಗೆ ಹೊಸತೇನೂ ಅಲ್ಲ. ಕೆಳಗೆ ಸೆಲ್ಫ್ ಸರ್ವಿಸ್, ಮೇಲೆ ಎ.ಸಿ. ಹಾಲ್ ಇರುವ ಹೋಟೆಲಿಗೆ ಹೋಗಿ. ಅದೇ ಅಡುಗೆಮನೆ, ಅದೇ ಕಾವಲಿ, ಅದೇ ಮಸಾಲೆ ದೋಸೆ. ಮೇಲೆ ಜಾಸ್ತಿ ರೇಟು. ಆ ವ್ಯತ್ಯಾಸ ಏನು? ಕೂತಿದ್ದಕ್ಕೆ, ತಂದುಕೊಟ್ಟಿದ್ದಕ್ಕೆ ಕೊಟ್ಟ ದುಡ್ಡು. ಅದು ದೋಸೆಯ ಬೆಲೆಯೊಳಗೆ ಅಡಗಿದೆ, ಹಾಗಾಗಿ ಕಣ್ಣಿಗೆ ಚುಚ್ಚೋದಿಲ್ಲ. ಇನ್ನು ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಶುರು ಮಾಡಿದಾಗ ನಿಂತು ತಿನ್ನುವ ಪದ್ಧತಿಯನ್ನು ಈ ಊರಿಗೆ ಕಲಿಸಿದರು. ಕುರ್ಚಿ ಇಲ್ಲದಿದ್ದರೆ ಅದೇ ಜಾಗದಲ್ಲಿ ಜಾಸ್ತಿ ಜನ ಬಂದು ಹೋಗುತ್ತಾರೆ, ಇಡ್ಲಿ ಕಡಿಮೆಗೆ ಕೊಡಬಹುದು. ನಿಂತು ಇಡ್ಲಿ ತಿನ್ನಬಹುದು. ನಿಂತು ಮೂರು ಗಂಟೆ ಕೆಟಾನ್ ಆಡೋಕೆ ಆಗಲ್ಲ. ಶಟಲ್ ಕೋರ್ಟಿಗೆ, ಸ್ನೂಕರ್ ಟೇಬಲ್ಲಿಗೆ ಗಂಟೆ ಲೆಕ್ಕದಲ್ಲಿ ಕಟ್ಟಿ ಬರುವವರು, "ಬ್ಯಾಟ್ ನಂದೇ" ಎಂದು ಅಲ್ಲಿ ಯಾಕೆ ಜಗಳ ತೆಗೆಯೋದಿಲ್ಲ ಎಂದು ಯೋಚಿಸಿ.

ಹೊರದೇಶದ ಉದಾಹರಣೆ ಬೇಕಾ? ಟೊರಾಂಟೊದಲ್ಲಿ 2010ರಲ್ಲಿ ಶುರುವಾದ ಸ್ನೇಕ್ಸ್ ಆಂಡ್ ಲ್ಯಾಟೆಸ್ ಎಂಬ ಬೋರ್ಡ್ ಗೇಮ್ ಕೆಫೆ ತಲೆಗೆ ಇಷ್ಟು ಎಂದು ತೆಗೆದುಕೊಂಡೇ ಹೆಸರಾಯಿತು. ಇನ್ನೂ ಹಿಂದಕ್ಕೆ ಹೋದರೆ ಲಂಡನ್ನಿನ ಸಿಂಪ್ಸನ್ಸ್, 1828ರದ್ದು. ಕಾಫಿ, ಚುಟ್ಟಾ, ಚದುರಂಗ. ಒಳಗೆ ಹೋಗಿ ಕೂರೋಕೆ ದುಡ್ಡು ಕೊಡಬೇಕಿತ್ತು. 1851ರಲ್ಲಿ ಚದುರಂಗದ ದೊಡ್ಡ ಆಟಗಾರ ಆಂಡರ್ಸನ್ ಒಂದು ಒಂಟೆ, ಎರಡೂ ಆನೆ, ಕೊನೆಗೆ ಮಂತ್ರಿಯನ್ನೂ ಕಳೆದುಕೊಂಡು ಕೀಸೆರಿಟ್ಸ್ಕಿಗೆ ಮೇಟ್ ಕೊಟ್ಟ ಆಟ ನೆನಪಿದೆಯಾ? ಚದುರಂಗ ಕಲಿತವರೆಲ್ಲ ಒಮ್ಮೆಯಾದರೂ ಆಡಿ ನೋಡುವ ಆಟ. ಅದು ನಡೆದಿದ್ದು ಅಲ್ಲೇ, ಬಾಗಿಲಲ್ಲಿ ದುಡ್ಡು ಕೇಳುವ ಜಾಗದಲ್ಲಿ.

ಹಾಗಿದ್ದರೂ ನಮಗೆ ಇದು ಚುಚ್ಚುತ್ತದೆ. ಯಾಕೆ ಎಂದು ನನಗೆ ಗೊತ್ತು, ನನಗೂ ಮೊದಲ ಸಲ ಚುಚ್ಚಿತ್ತು. ನಾವು ಆಟ ಕಲಿತಿದ್ದು ಜಗುಲಿಯ ಮೇಲೆ. ಸೀಮೆಸುಣ್ಣದಲ್ಲಿ ಐದು ಮನೆ ಉದ್ದ, ಐದು ಮನೆ ಅಗಲ ಗೆರೆ ಎಳೆದು, ನಾಲ್ಕು ಕವಡೆ ಇಟ್ಟುಕೊಂಡರೆ ಚೌಕಾಬಾರ ಆಯಿತು. ಅಳಗುಳಿ ಮಣೆಗೆ ಹುಣಸೆ ಬೀಜ ಸಾಕು. ಹಂಪಿಯ ಮಂಟಪಗಳಿಗೆ ಹೋದವರು ನೆಲ ನೋಡಿ, ಕಲ್ಲಿನಲ್ಲೇ ಆಟದ ಗೆರೆ ಕೊರೆದಿದ್ದಾರೆ. ಯಾರೂ ಬಾಡಿಗೆ ಕೇಳಲಿಲ್ಲ. ಆದರೆ ಜಗುಲಿ ಅಜ್ಜನ ಮನೆಯದ್ದಾಗಿತ್ತು, ಅಜ್ಜ ಕಂದಾಯ ಕಟ್ಟುತ್ತಿದ್ದ, ಅಜ್ಜಿ ಸಾರಿಸುತ್ತಿದ್ದಳು. ಬಿಲ್ಲು ನಮ್ಮ ಹತ್ತಿರ ಬರುತ್ತಿರಲಿಲ್ಲ, ಅಷ್ಟೇ. ಎರಡು ಬೆಡ್‌ರೂಮಿನ ಫ್ಲಾಟಿಗೆ ಜಗುಲಿ ಎಲ್ಲಿಂದ ಬರಬೇಕು? ಕಬ್ಬನ್ ಪಾರ್ಕ್ ಇದೆ, ಪುಕ್ಕಟೆ ಇದೆ. ನಾವೂ ಹೋಗಿದ್ದೇವೆ. ಗಾಳಿ ಬಂದು ಚೀಟಿಗಳೆಲ್ಲ ಹಾರಿ, ಬಿದಿರು ಮೆಳೆಯವರೆಗೂ ಓಡಿ ಹೆಕ್ಕಿದ್ದೇವೆ.

ಅಂಗಡಿಯ ಹುಡುಗ ಏನು ಕೆಲಸ ಮಾಡುತ್ತಾನೆ ಅನ್ನುವವರಿಗೆ ಒಂದು ರಾತ್ರಿಯ ಕಥೆ ಹೇಳಬೇಕು. ಹತ್ತು ಗಂಟೆಗೆ ಶಟರ್ ಅರ್ಧ ಎಳೆದು ಕೆಟಾನ್ ಡಬ್ಬಿ ಎಣಿಸುತ್ತಿದ್ದೆ. ಆರು ಮೂಲೆಯ ಬಿಲ್ಲೆ 19, ಸರಿ. ನಂಬರ್ ಬಿಲ್ಲೆ 18, ಸರಿ. ಸಾಮಗ್ರಿ ಚೀಟಿ 95, ಅದರಲ್ಲಿ ಎರಡು ಗೋಧಿ ಚೀಟಿಗೆ ಬೋಂಡಾದ ಎಣ್ಣೆ. ರಸ್ತೆ 60 ಇರಬೇಕು, 59 ಇದೆ. ಕೆಂಪು ರಸ್ತೆ ಒಂದು ಕಾಣೆ. ಬೆರಳುದ್ದವೂ ಇಲ್ಲದ ಮರದ ತುಂಡು. ಕುರ್ಚಿ ಎತ್ತಿ ನೋಡಿದೆ, ಗುಡಿಸಿದ ಕಸ ಹರಡಿ ನೋಡಿದೆ. ಕೊನೆಗೆ ಕಾಫಿ ಲೋಟದ ತಳದಲ್ಲಿ ಸಿಕ್ಕಿತು, ಚರಟದ ಜೊತೆ. ಸಿಗದ ದಿನ ಬೆಂಕಿಕಡ್ಡಿ ಮುರಿದು ಕೆಂಪು ಬಣ್ಣ ಹಚ್ಚುತ್ತಿದ್ದೆವು. ಒಂದು ತುಂಡಿಗೋಸ್ಕರ ಇಡೀ ಡಬ್ಬಿ ಕೊಳ್ಳೋಕೆ ಆಗುತ್ತಾ?

ಟೂರ್ನಮೆಂಟ್ ಪ್ರವೇಶ ಶುಲ್ಕ ಬೇರೆ ವಿಷಯ, ಇದರ ಜೊತೆ ಕಲಸಬೇಡಿ. ಮ್ಯಾಜಿಕ್ ಕಾರ್ಡ್ ಆಟದ ಡ್ರಾಫ್ಟಿಗೆ (ಅಲ್ಲೇ ಪ್ಯಾಕ್ ಒಡೆದು, ಕಾರ್ಡು ಆರಿಸಿಕೊಂಡು ಆಡುವ ಪಂದ್ಯ) ಕೊಡುವ ದುಡ್ಡಿನಲ್ಲಿ ಸಾಮಾನ್ಯವಾಗಿ ಮೂರು ಪ್ಯಾಕ್ ಕಾರ್ಡು ನಿಮ್ಮ ಕೈಗೇ ಬರುತ್ತವೆ.

ಎಲ್ಲ ಅಂಗಡಿಯವರೂ ದೇವರು ಅಂತೇನೂ ನಾನು ಹೇಳುತ್ತಿಲ್ಲ. ರೇಟು ಬಾಗಿಲಲ್ಲೇ ಬರೆದಿರಬೇಕು. ಕೂತು ಅರ್ಧ ಆಟ ಆದಮೇಲೆ "ಸರ್, ತಲೆಗೆ ಇಷ್ಟು" ಅನ್ನೋದು ಕಳ್ಳಾಟ. ನನಗೂ ಒಂದು ಕಡೆ ಹಾಗಾಗಿದೆ, ಮತ್ತೆ ಅಲ್ಲಿಗೆ ಹೋಗಿಲ್ಲ. ಕೆಲವರು ಆ ದಿನ ಡಬ್ಬಿ ಕೊಂಡರೆ ಮೇಜಿನ ದುಡ್ಡನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಕೆಲವರು ವಾರದ ದಿನಗಳಲ್ಲಿ ಕಡಿಮೆ ಮಾಡುತ್ತಾರೆ. ಕೂರುವ ಮೊದಲು ಕೇಳಿ, ನಾಚಿಕೆ ಬೇಡ.

ಯಾರೂ ನೇರವಾಗಿ ಕೇಳದ ಇನ್ನೊಂದು ಪ್ರಶ್ನೆ ಇದೆ. ಮನೆಯಲ್ಲಿ ಹಿರಿಯರು ಗೊಣಗುತ್ತಾರೆ: "ದುಡ್ಡು ಕೊಟ್ಟು ಕೂತು ಆಡೋದು ಅಂದ್ರೆ ಜೂಜಿನ ಅಡ್ಡೆ ತಾನೆ? ಪೊಲೀಸ್ನೋರು ಬಂದ್ರೆ?" ಇದಕ್ಕೆ ಉತ್ತರ 1967ರಲ್ಲೇ ಸಿಕ್ಕಿದೆ. ಸಿಕಂದರಾಬಾದಿನ ಒಂದು ಕ್ಲಬ್ಬಿನಲ್ಲಿ ರಮ್ಮಿ ಆಡುತ್ತಿದ್ದರು, ಕ್ಲಬ್ಬು ಆಡುವವರಿಂದ ಶುಲ್ಕ ತೆಗೆದುಕೊಳ್ಳುತ್ತಿತ್ತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ರಮ್ಮಿಯಲ್ಲಿ ಹೆಚ್ಚಿನ ಪಾಲು ಜಾಣತನದ್ದು ಎಂದಿತು ಕೋರ್ಟು. ಜೊತೆಗೆ, ಬಿಲಿಯರ್ಡ್ಸಿಗೆ, ಟೆನಿಸ್ಸಿಗೆ ಶುಲ್ಕ ತೆಗೆದುಕೊಳ್ಳುವ ಹಾಗೆ ಇಸ್ಪೀಟಿಗೂ ತೆಗೆದುಕೊಂಡರೆ, ಅದು ವಿಪರೀತ ಅಲ್ಲದಿದ್ದರೆ, ಅಷ್ಟಕ್ಕೇ ಕ್ಲಬ್ಬು ಜೂಜುಕಟ್ಟೆ ಆಗೋದಿಲ್ಲ ಎಂದಿತು. ನಮ್ಮ ಬೋರ್ಡ್ ಗೇಮ್ ಅಂಗಡಿಯಲ್ಲಂತೂ ಪಣವೇ ಇಲ್ಲ. ಗೆದ್ದವನೂ 150, ಸೋತವನೂ 150. ಅಡ್ಡೆ ನಡೆಸುವವನು ಗೆದ್ದ ದುಡ್ಡಿನಲ್ಲಿ ಪಾಲು ಹೊಡೆಯುತ್ತಾನೆ. ಇಲ್ಲಿ ಗೆದ್ದವನಿಗೆ ಸಿಗೋದು ಒಂದು ವಾರ ಬಡಾಯಿ ಕೊಚ್ಚೋ ಹಕ್ಕು.

ಆಮೇಲೆ, ಸುಮ್ನೆ ಪಕ್ಕದಲ್ಲಿ ಕೂತು ನೋಡುವವರಿಗೂ ದುಡ್ಡಾ? ಇದು ಅಂಗಡಿಯಿಂದ ಅಂಗಡಿಗೆ ಬೇರೆ. ಗೆಳೆಯನ ಅಂಗಡಿಯಲ್ಲಿ ಇರಲಿಲ್ಲ. ಒಬ್ಬರು ತಾತ ಭಾನುವಾರ ಮೊಮ್ಮಗನನ್ನು ಕರೆದುಕೊಂಡು ಬರುತ್ತಿದ್ದರು. ಪೇಪರ್ ಬಿಡಿಸಿ ಮೂಲೆಯಲ್ಲಿ ಕೂರುತ್ತಿದ್ದರು. ಎರಡನೇ ವಾರ ಪೇಪರ್ ಮಡಿಸಿ ಕುರ್ಚಿ ಹತ್ತಿರ ಎಳೆದುಕೊಂಡರು. ಮೂರನೇ ವಾರ ಶುರುವಾಯಿತು: "ಮಗಾ, ಆ ಇಟ್ಟಿಗೆ ಕೊಡಬೇಡ, ಅವನು ರಸ್ತೆ ಕಟ್ಟಿಬಿಡ್ತಾನೆ!" ಎದುರು ಕೂತ ಹುಡುಗರು ನನ್ನ ಮುಖ ನೋಡಿದರು. ನಾನು ಹೋಗಿ ಮೆಲ್ಲಗೆ, "ತಾತ, ನೋಡೋಕೆ ದುಡ್ಡಿಲ್ಲ, ಆದರೆ ಹೇಳಿಕೊಡೋ ಹಾಗಿಲ್ಲ" ಅಂದೆ.

"ಹೇಳಿಕೊಟ್ರೆ ಎಷ್ಟು?"

"ಆಡಿದಷ್ಟೇ. ನೂರೈವತ್ತು."

ಅಂಗಿಯ ಜೇಬಿನಿಂದ ದುಡ್ಡು ತೆಗೆದು ಎಣಿಸಿ ಕೊಟ್ಟರು. ಮುಂದಿನ ಆಟದಲ್ಲಿ ನಾಲ್ಕನೆಯವರಾಗಿ ಕೂತರು, ಕೆಂಪು ಬಣ್ಣ ತಗೊಂಡರು. ಮೊಮ್ಮಗನಿಗೆ ಒಂದೇ ಒಂದು ಇಟ್ಟಿಗೆಯನ್ನೂ ಕೊಡಲಿಲ್ಲ.