ಪ್ರಸಾರ ಭಾರತಿಗೆ ದುಡ್ಡು ಬರುವ ದಾರಿ: ಜೊತೆಗೆ ಓದುತ್ತಿರುವವರಿಗೆ ಒಂದು ಟಿಪ್ಪಣಿ

ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ನಿಗಮ ಪ್ರಸಾರ ಭಾರತಿ. ಅದರ ಪಾಠ ತೆಗೆದರೆ ಮೊದಲ ಸಾಲೇ "ಇದು ಶಾಸನಬದ್ಧ ಸ್ವಾಯತ್ತ ಸಂಸ್ಥೆ" ಅಂತ ಇರುತ್ತದೆ. ಪುಟ ತಿರುಗಿಸಿದರೆ ಸಿಬ್ಬಂದಿಯ ಸಂಬಳ ಕೇಂದ್ರ ಸರ್ಕಾರದ್ದು ಅಂತ ಬರುತ್ತದೆ. ಎರಡೂ ನಿಜ. ಇವೆರಡು ಹೇಗೆ ಒಟ್ಟಿಗೆ ನಿಜವಾಗಿರುತ್ತವೆ ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನೆನಪು ಹಸಿಯಾಗಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ.

ಇಸವಿಗಳನ್ನು ಬೇಗ ಮುಗಿಸುತ್ತೇನೆ, ಅವು ಎಲ್ಲ ಪುಸ್ತಕದಲ್ಲೂ ಸಿಗುತ್ತವೆ. ದೂರದರ್ಶನ 1959ರಲ್ಲಿ ಶುರುವಾಯಿತು, 1976ರಲ್ಲಿ ಆಕಾಶವಾಣಿಯಿಂದ ಬೇರೆಯಾಯಿತು. ಆಗಲೂ ಎರಡೂ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕೆಳಗಿನ ಇಲಾಖೆಗಳೇ ಆಗಿದ್ದವು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಇವಕ್ಕೆ ಸ್ವಾಯತ್ತತೆ ಕೊಡುವ ಬಗ್ಗೆ ನೋಡಲು ವರ್ಗೀಸ್ ಸಮಿತಿ ಬಂತು, 1978ರಲ್ಲಿ ವರದಿ ಕೊಟ್ಟಿತು. ಪ್ರಸಾರ ಭಾರತಿ ಕಾಯ್ದೆ 1990ರದು, ಜಾರಿಗೆ ಬಂದದ್ದು 1997ರ ಸೆಪ್ಟೆಂಬರ್ 15ಕ್ಕೆ, ನಿಗಮ ಅಸ್ತಿತ್ವಕ್ಕೆ ಬಂದದ್ದು ಅದೇ ವರ್ಷ ನವೆಂಬರ್ 23ಕ್ಕೆ. ಸಂಸತ್ತು ಪಾಸು ಮಾಡಿದ ಕಾಯ್ದೆ ಏಳು ವರ್ಷ ಸುಮ್ನೆ ಕೂತಿತ್ತು. ಈ ನಡುವೆ 1995ರಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ "ಪ್ರಸಾರ ತರಂಗಗಳು ಸಾರ್ವಜನಿಕ ಆಸ್ತಿ" ಎಂದು ಹೇಳಿತು. ಪರೀಕ್ಷೆಗೆ ಇಷ್ಟು ಸಾಕು.

ಮೊದಲು ಎರಡು ಪ್ರಶ್ನೆ

ಸಾರ್ವಜನಿಕ ಪ್ರಸಾರಕ್ಕೆ ಹಣ ಯಾರು ಕೊಡುತ್ತಾರೆ ಅನ್ನುವ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಕೊನೆಗೆ ಕೊಡುವವರು ಜನರೇ ತಾನೇ? ಅದರ ಬದಲು ಈ ಎರಡನ್ನು ಕೇಳಿ. ಹಣ ಮೊದಲು ಯಾರ ಖಾತೆಗೆ ಬೀಳುತ್ತದೆ? ಅಲ್ಲಿಂದ ಮುಂದೆ ಹೋಗುವಾಗ "ಈಗ ಬೇಡ" ಅನ್ನಬಲ್ಲವರು ಯಾರು? ನನ್ನ ಮಟ್ಟಿಗೆ ಈ ಪಾಠ ಬಿಡಿಸಿಕೊಂಡದ್ದು ಈ ಎರಡು ಪ್ರಶ್ನೆಯಿಂದಲೇ. ಕೆಳಗೆ ಎಲ್ಲ ಕಡೆ ಇವನ್ನೇ ಕೇಳುತ್ತಾ ಹೋಗಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸೆಕ್ಷನ್ 17, ತಲೆ ತಿನ್ನುವ ಜಾಗ

ಕಾಯ್ದೆಯ ಸೆಕ್ಷನ್ 17 ಏನು ಹೇಳುತ್ತದೆ ಅಂದರೆ, ಸಂಸತ್ತು ಒಪ್ಪಿಗೆ ಕೊಟ್ಟ ಮೇಲೆ ಕೇಂದ್ರ ಸರ್ಕಾರ ಪ್ರತಿ ಹಣಕಾಸು ವರ್ಷ ನಿಗಮಕ್ಕೆ ಎರಡು ತರದ ಹಣ ಕೊಡಬಹುದು. ಒಂದು, ರೇಡಿಯೋ-ಟಿವಿ ಲೈಸೆನ್ಸ್ ಶುಲ್ಕ ಏನಾದರೂ ಇದ್ದರೆ, ವಸೂಲಿ ಖರ್ಚು ಕಳೆದು ಉಳಿದದ್ದು. ಇನ್ನೊಂದು, ಸರ್ಕಾರಕ್ಕೆ ಅಗತ್ಯ ಅನ್ನಿಸಿದಷ್ಟು ಮೊತ್ತ. ಇದು ಬಂಡವಾಳವಾಗಿ ಬರಬಹುದು, ಸಹಾಯಧನವಾಗಿ ಬರಬಹುದು, ಸಾಲವಾಗಿಯೂ ಬರಬಹುದು.

ಮೊದಲನೆಯದು ಈಗ ಬರೀ ಹೆಸರಿಗೆ. ಹಿಂದೆ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿಗೆ ಹೋಗಿ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು. ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ, ಆ ಲೈಸೆನ್ಸ್ ಪುಸ್ತಕ ನೆನಪಿರುತ್ತದೆ. 1980ರ ದಶಕದ ನಡುವಿನಲ್ಲಿ ಅದು ಹೋಯಿತು. ಅಂದರೆ 1990ರಲ್ಲಿ ಕಾಯ್ದೆ ಬರೆಯುವ ಹೊತ್ತಿಗೇ ಆ ಶುಲ್ಕ ಇರಲಿಲ್ಲ. ಹಾಗಾಗಿ ನಿಜಕ್ಕೂ ಉಳಿಯುವುದು ಎರಡನೆಯದು ಮಾತ್ರ. ಎಷ್ಟು ಕೊಡಬೇಕು ಅನ್ನುವುದಕ್ಕೆ ಕಾಯ್ದೆಯಲ್ಲಿ ಸೂತ್ರವಿಲ್ಲ, ಕನಿಷ್ಠ ಮೊತ್ತವಿಲ್ಲ, ಇಷ್ಟು ವರ್ಷಕ್ಕೆ ಅನ್ನುವ ಖಾತರಿಯೂ ಇಲ್ಲ.

ಈಗ ದಾರಿ. ಇದನ್ನು ನಿಧಾನವಾಗಿ ಓದಿ, ಎಲ್ಲರೂ ಜಾರುವುದು ಇಲ್ಲೇ.

ಸರ್ಕಾರಕ್ಕೆ ಬರುವ ತೆರಿಗೆ, ಸಾಲ, ಶುಲ್ಕ ಎಲ್ಲ ಸಂಚಿತ ನಿಧಿಗೆ ಸೇರುತ್ತದೆ. ಇದು ಸಂವಿಧಾನದ 266ನೇ ವಿಧಿ. ಆ ನಿಧಿಯಿಂದ ಒಂದು ರೂಪಾಯಿ ತೆಗೆಯಬೇಕಾದರೂ ಕಾನೂನು ಬೇಕು. ಅದಕ್ಕೆ ವಾರ್ತಾ ಮತ್ತು ಪ್ರಸಾರ ಸಚಿವಾಲಯ ತನ್ನ ಅನುದಾನ ಬೇಡಿಕೆಯನ್ನು ಲೋಕಸಭೆಯ ಮುಂದೆ ಇಡುತ್ತದೆ (113ನೇ ವಿಧಿ), ಆಮೇಲೆ ಧನವಿನಿಯೋಗ ಕಾಯ್ದೆ ಆಗುತ್ತದೆ (114ನೇ ವಿಧಿ). ಇಲ್ಲಿಗೆ ಸಂಸತ್ತಿನ ಕೆಲಸ ಮುಗಿಯಿತು. ಹಣ ಪ್ರಸಾರ ಭಾರತಿಗೆ ಬಂತಾ? ಇಲ್ಲ! ಬಂದದ್ದು ಸಚಿವಾಲಯದ ಕೈಗೆ. ಸಂಸತ್ತು ಸಚಿವಾಲಯಕ್ಕೆ ಕೊಟ್ಟದ್ದು ಖರ್ಚು ಮಾಡುವ ಅನುಮತಿ. ಸಚಿವಾಲಯ ಆ ಅನುಮತಿಯ ಮೇಲೆ ಕಂತು ಕಂತಾಗಿ ಸಹಾಯಧನ ಬಿಡುಗಡೆ ಮಾಡಬೇಕು. ಆಗ ಮಾತ್ರ ಅದು ಸೆಕ್ಷನ್ 18ರಲ್ಲಿ ಹೇಳಿರುವ ನಿಗಮದ ಸ್ವಂತ ನಿಧಿಗೆ ಬೀಳುತ್ತದೆ. ಬಜೆಟ್ ಪುಸ್ತಕದಲ್ಲಿ ಮೊತ್ತ ನೋಡಿ "ಕೊಟ್ಟರು" ಅಂತ ಬರೆಯಬೇಡಿ. ಮಂಜೂರಾತಿ ಬೇರೆ, ಬಿಡುಗಡೆ ಬೇರೆ.

ಬಿಡುಗಡೆಗೆ ಷರತ್ತುಗಳಿವೆ. ಅವು ಪ್ರಸಾರ ಭಾರತಿ ಕಾಯ್ದೆಯಲ್ಲಿ ಸಿಗುವುದಿಲ್ಲ, 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ (ಎಲ್ಲರೂ ಜಿಎಫ್‌ಆರ್ ಅನ್ನುತ್ತಾರೆ) ಸಿಗುತ್ತವೆ. ಕೊಟ್ಟ ಹಣವನ್ನು ಕೊಟ್ಟ ಕೆಲಸಕ್ಕೇ ಬಳಸಿದ್ದೇವೆ ಅಂತ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕು. ಸಹಾಯಧನಕ್ಕೆ ಬ್ಯಾಂಕಿನಲ್ಲಿ ಬಡ್ಡಿ ಬಂದರೆ ಆ ಬಡ್ಡಿ ಸಂಚಿತ ನಿಧಿಗೆ ವಾಪಸ್. ದೊಡ್ಡ ಮೊತ್ತ ಪಡೆಯುವ ಸ್ವಾಯತ್ತ ಸಂಸ್ಥೆಗಳು ಸಚಿವಾಲಯದ ಜೊತೆ ಒಪ್ಪಂದ ಪತ್ರಕ್ಕೂ ಸಹಿ ಹಾಕಬೇಕು. ಸಂಬಳಕ್ಕೆ, ಸಾಮಾನ್ಯ ಖರ್ಚಿಗೆ, ಆಸ್ತಿ ನಿರ್ಮಾಣಕ್ಕೆ ಬರುವ ಸಹಾಯಧನಗಳ ಲೆಕ್ಕ ಶೀರ್ಷಿಕೆಗಳೇ ಬೇರೆ ಬೇರೆ. ಒಂದರ ದುಡ್ಡನ್ನು ಇನ್ನೊಂದಕ್ಕೆ ಮನಸ್ಸಿಗೆ ಬಂದ ಹಾಗೆ ತಿರುಗಿಸಲು ಬರುವುದಿಲ್ಲ.

ಈ ಷರತ್ತುಗಳು ಬರೀ ಕಾಗದದ ಕೆಲಸ ಅನ್ನಿಸಿದರೆ 2018ರ ಆರಂಭದ ಜಟಾಪಟಿ ನೋಡಿ. ಸಚಿವಾಲಯ ಸಂಬಳದ ಹಣ ಬಿಡುಗಡೆ ಮಾಡುತ್ತಿಲ್ಲ ಎಂದು ಆಗ ಪ್ರಸಾರ ಭಾರತಿ ಅಧ್ಯಕ್ಷರಾಗಿದ್ದ ಎ. ಸೂರ್ಯ ಪ್ರಕಾಶ್ ಬಹಿರಂಗವಾಗಿಯೇ ಹೇಳಿದರು. ಸಚಿವಾಲಯದ ಉತ್ತರ, ನಿಯಮದ ಪ್ರಕಾರ ಒಪ್ಪಂದ ಪತ್ರಕ್ಕೆ ಸಹಿ ಆಗಿಲ್ಲ ಅನ್ನುವುದು. ಯಾರದ್ದು ಸರಿ ಅನ್ನುವ ತೀರ್ಪು ನಮಗೆ ಬೇಡ. ನಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ, ಅದು ಮುಖ್ಯ. ಸಂಸತ್ತು ಹೂಂ ಅಂದ ಮೇಲೂ "ಈಗ ಬೇಡ" ಅನ್ನಬಲ್ಲ ಕೈ ಇನ್ನೊಂದಿದೆ.

ಸಂಬಳದ ವಿಷಯವೂ ಇಲ್ಲೇ ಬರುತ್ತದೆ. 2007ರ ಅಕ್ಟೋಬರ್ 5ರವರೆಗೆ ನೇಮಕವಾದ ನೌಕರರನ್ನು ಡೆಪ್ಯುಟೇಶನ್ ಮೇಲಿರುವ ಕೇಂದ್ರ ಸರ್ಕಾರಿ ನೌಕರರು ಅಂತ ಪರಿಗಣಿಸುವ ತಿದ್ದುಪಡಿ 2011ರಲ್ಲಿ ಬಂತು. 2012ರಲ್ಲಿ ಕೇಂದ್ರ ಸಂಪುಟ ಸಂಬಳದ ಪೂರ್ತಿ ಹೊರೆಯನ್ನು ಸರ್ಕಾರ ಹೊರುವುದಕ್ಕೆ ಒಪ್ಪಿತು, ಹಳೆಯ ಸಾಲಗಳ ಭಾರವನ್ನೂ ಇಳಿಸಿತು. ದಿನನಿತ್ಯದ ಉಳಿದ ಖರ್ಚು ನಿಗಮ ತಾನೇ ದುಡಿದು ನೋಡಿಕೊಳ್ಳಬೇಕು. ಇತ್ತೀಚಿನ ವರ್ಷಗಳ ಬಜೆಟ್‌ನಲ್ಲಿ ಪ್ರಸಾರ ಭಾರತಿಗೆ ಇಡುವ ಸಹಾಯಧನ ಸುಮಾರು 2,500 ಕೋಟಿ ರೂಪಾಯಿ ಆಸುಪಾಸು, ಅದರಲ್ಲಿ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಯಂತ್ರ, ಟ್ರಾನ್ಸ್‌ಮಿಟರ್, ಸ್ಟುಡಿಯೋಗಳಿಗೆ ಬಿಂಡ್ ಅನ್ನುವ ಬೇರೆ ಯೋಜನೆ ಇದೆ. 2023ರ ಜನವರಿಯಲ್ಲಿ ಸಂಪುಟ ಅದಕ್ಕೆ ಒಪ್ಪಿದ ಮೊತ್ತ 2,539.61 ಕೋಟಿ, ಅವಧಿ 2025-26ರವರೆಗೆ. ಎರಡು ಮೊತ್ತ ಹತ್ತಿರ ಹತ್ತಿರ ಇರುವುದರಿಂದ ಅದಲು ಬದಲಾಗುತ್ತದೆ, ಹುಷಾರು. ಒಂದು ಪ್ರತಿ ವರ್ಷದ್ದು, ಇನ್ನೊಂದು ಹಲವು ವರ್ಷಕ್ಕೆ ಸೇರಿಸಿ ಹೇಳಿದ್ದು.

ಹಾಗಾದರೆ ಸ್ವಂತ ದುಡಿಮೆ?

ಜಾಹೀರಾತು, ಡಿಡಿ ಫ್ರೀ ಡಿಶ್ ಸ್ಲಾಟ್‌ಗಳ ಇ-ಹರಾಜು, ಟವರ್ ಬಾಡಿಗೆ. ಈ ಹಣಕ್ಕೆ ಮೊದಲ ಪ್ರಶ್ನೆ ಕೇಳಿದರೆ ಉತ್ತರ ಬದಲಾಗುತ್ತದೆ. ಇದು ಸಂಚಿತ ನಿಧಿಗೆ ಹೋಗುವುದಿಲ್ಲ, ನೇರ ನಿಗಮದ ನಿಧಿಗೆ ಬರುತ್ತದೆ. ಫ್ರೀ ಡಿಶ್‌ನಲ್ಲಿ ನೋಡುಗರು ತಿಂಗಳ ಬಾಡಿಗೆ ಕಟ್ಟುವುದಿಲ್ಲ, ಅಲ್ಲಿ ಜಾಗ ಬೇಕಾದ ಖಾಸಗಿ ಚಾನೆಲ್‌ಗಳು ಕಟ್ಟುತ್ತವೆ. ಸರ್ಕಾರಿ ಡಿಟಿಎಚ್ ಖಾಸಗಿ ಚಾನೆಲ್‌ಗಳ ದುಡ್ಡಿನಲ್ಲಿ ಸಾರ್ವಜನಿಕ ಪ್ರಸಾರಕ್ಕೆ ಆಸರೆಯಾಗಿದೆ! ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ಆದರೆ ಸೆಕ್ಷನ್ 12 ಪೂರ್ತಿ ಓದಿ. ಮನರಂಜನೆ, ಮಾಹಿತಿ, ಶಿಕ್ಷಣ ಅನ್ನುವ ಗುರಿಗಳನ್ನು ಓದಿ ಎಲ್ಲರೂ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅದೇ ಸೆಕ್ಷನ್ನಿನ ಕೆಳಗೆ, ಜಾಹೀರಾತಿಗೆ ಗರಿಷ್ಠ ಎಷ್ಟು ಸಮಯ ಅನ್ನುವುದನ್ನು ಕೇಂದ್ರ ಸರ್ಕಾರ ನಿಗದಿ ಮಾಡಬಹುದು ಅಂತ ಇದೆ. ನಿಗಮ ವಿಧಿಸುವ ಶುಲ್ಕಕ್ಕೂ ಸರ್ಕಾರ ಮಿತಿ ಹಾಕಬಹುದು. ಖಾತೆ ತನ್ನದೇ, ಆದರೆ ಎಷ್ಟು ದುಡಿಯಬಹುದು ಅನ್ನುವುದಕ್ಕೆ ಬೇರೆಯವರ ಗೆರೆ ಇದೆ.

ಮೇಲ್ವಿಚಾರಣೆ

ನಿಗಮ ನಡೆಸುವ ಮಂಡಳಿಯ ನೇಮಕ: ಉಪರಾಷ್ಟ್ರಪತಿ (ರಾಜ್ಯಸಭೆಯ ಸಭಾಪತಿಯಾಗಿ), ಪ್ರೆಸ್ ಕೌನ್ಸಿಲ್ ಅಧ್ಯಕ್ಷರು, ರಾಷ್ಟ್ರಪತಿ ಹೆಸರಿಸುವ ಒಬ್ಬರು, ಈ ಮೂವರ ಸಮಿತಿ ಶಿಫಾರಸು ಮಾಡುತ್ತದೆ. ಲೆಕ್ಕ ತಪಾಸಣೆ ಸಿಎಜಿ (ಮಹಾಲೇಖಪಾಲರು) ಅವರದು, ಸೆಕ್ಷನ್ 21.

ಸೆಕ್ಷನ್ 23 ಸ್ವಲ್ಪ ಜಾಸ್ತಿ ಹೊತ್ತು ನೋಡಬೇಕಾದ್ದು. ದೇಶದ ಸಾರ್ವಭೌಮತೆ, ಏಕತೆ, ಭದ್ರತೆ, ಸಾರ್ವಜನಿಕ ಶಾಂತಿಯ ಕಾರಣಕ್ಕೆ ಇಂಥದ್ದನ್ನು ಪ್ರಸಾರ ಮಾಡಬೇಡಿ, ಅಥವಾ ಮುಖ್ಯವಾದ ಇಂಥದ್ದನ್ನು ಪ್ರಸಾರ ಮಾಡಿ ಅಂತ ಸರ್ಕಾರ ಸೂಚನೆ ಕೊಡಬಹುದು. ಗಮನಿಸಬೇಕಾದದ್ದು ಮುಂದಿದೆ. ಬೇಕಾದರೆ ನಿಗಮ "ಇದು ಸರ್ಕಾರದ ಸೂಚನೆಯ ಮೇರೆಗೆ" ಅಂತ ಪ್ರಸಾರದ ಜೊತೆಗೇ ಹೇಳಬಹುದು. ಅಂಥ ಪ್ರತಿ ಸೂಚನೆಯ ಪ್ರತಿಯನ್ನೂ ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು. ಅಂದರೆ ಪ್ರಸಾರದ ಮೇಲಿನ ಸರ್ಕಾರದ ಸೂಚನೆ ಬೆಳಕಿಗೆ ಬರಲೇಬೇಕು ಅಂತ ಕಾಯ್ದೆ ಕಟ್ಟಿದೆ. ಹಣದ ಕಂತು ತಡವಾದರೆ ಹಾಗೆ ಸದನಕ್ಕೆ ತಿಳಿಸುವ ವ್ಯವಸ್ಥೆ ಕಾಯ್ದೆಯಲ್ಲಿಲ್ಲ. ಸ್ವಾಯತ್ತತೆ ಬಗ್ಗೆ ಹತ್ತು ಅಂಕದ ಪ್ರಶ್ನೆ ಬಂದರೆ ಸೆಕ್ಷನ್ 17ನ್ನೂ 23ನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ. ಸಮಿತಿಗಳ ಹೆಸರು ಸಾಲಾಗಿ ಬರೆಯುವುದಕ್ಕಿಂತ ಅದು ಎಷ್ಟೋ ಮೇಲು.

ಸೂಚನೆಗಳನ್ನು ಮತ್ತೆ ಮತ್ತೆ ಪಾಲಿಸದಿದ್ದರೆ ಸೆಕ್ಷನ್ 25. ಸರ್ಕಾರ ನೇರವಾಗಿ ಮಂಡಳಿಯನ್ನು ತೆಗೆಯಲು ಬರುವುದಿಲ್ಲ. ವರದಿ ಸಂಸತ್ತಿಗೆ ಹೋಗಬೇಕು, ಸಂಸತ್ತಿನ ಶಿಫಾರಸಿನ ಮೇಲೆ ರಾಷ್ಟ್ರಪತಿ ಆರು ತಿಂಗಳು ಮೀರದಂತೆ ಮಂಡಳಿಯನ್ನು ಬದಿಗಿಡಬಹುದು.

ಬೇರೆ ದೇಶ, ಅದೇ ಎರಡು ಪ್ರಶ್ನೆ

ಬಿಬಿಸಿಗೆ ಲೈಸೆನ್ಸ್ ಶುಲ್ಕ ಇದೆ, ಆದ್ದರಿಂದ ಸರ್ಕಾರದ ಕೈ ಇಲ್ಲ ಅಂತ ಬರೆದುಬಿಡುತ್ತೇವಲ್ಲ, ಅಲ್ಲಿ ಸ್ವಲ್ಪ ತಡೆಯಿರಿ. ಅಲ್ಲೂ ವಸೂಲಾದ ಶುಲ್ಕ ಮೊದಲು ಹೋಗುವುದು ಬ್ರಿಟನ್ನಿನ ಸಂಚಿತ ನಿಧಿಗೇ. ಸಂಸತ್ತಿನ ಒಪ್ಪಿಗೆಯ ಮೇಲೆ ಬಿಬಿಸಿಗೆ ವಾಪಸ್ ಬರುತ್ತದೆ. ಮೊದಲ ಪ್ರಶ್ನೆಗೆ ಉತ್ತರ ನಮ್ಮದರ ತರಾನೇ! ವ್ಯತ್ಯಾಸ ಇರುವುದು ಎರಡನೆಯದರಲ್ಲಿ. ಶುಲ್ಕ ಹಲವು ವರ್ಷಕ್ಕೆ ಮೊದಲೇ ನಿಗದಿಯಾಗುತ್ತದೆ, ಹಾಗಾಗಿ ಪ್ರತಿ ವರ್ಷ ಕೇಳಬೇಕಿಲ್ಲ. ಆದರೆ ನಿಗದಿ ಮಾಡುವುದು ಸರ್ಕಾರವೇ. 2022ರಲ್ಲಿ ಎರಡು ವರ್ಷ 159 ಪೌಂಡ್‌ನಲ್ಲೇ ನಿಲ್ಲಿಸಿಬಿಟ್ಟಿತು.

ಜರ್ಮನಿಯಲ್ಲಿ ಪ್ರತಿ ಮನೆ ತಿಂಗಳಿಗೆ 18.36 ಯೂರೋ ಕಟ್ಟುತ್ತದೆ, ಅದು ಸರ್ಕಾರದ ಬಜೆಟ್ಟಿಗೆ ಬರುವುದೇ ಇಲ್ಲ. ಎಷ್ಟು ಬೇಕು ಅಂತ ಕೆಇಎಫ್ ಅನ್ನುವ ತಜ್ಞರ ಆಯೋಗ ಲೆಕ್ಕ ಹಾಕುತ್ತದೆ, ರಾಜ್ಯಗಳು ಒಪ್ಪಬೇಕು. 2020ರ ಕೊನೆಗೆ ಸ್ಯಾಕ್ಸನಿ-ಅನ್ಹಾಲ್ಟ್ ರಾಜ್ಯ 17.50ರಿಂದ ಏರಿಸುವುದನ್ನು ತಡೆಹಿಡಿಯಿತು. 2021ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಏರಿಕೆಯನ್ನು ಜಾರಿ ಮಾಡಿಸಿತು. "ಬೇಡ" ಅನ್ನುವುದಕ್ಕೂ ಕಾರಣ ಕೊಡಬೇಕು ಅನ್ನುವ ವ್ಯವಸ್ಥೆ ಅದು. ಅಮೆರಿಕ ಇದಕ್ಕೆ ಉಲ್ಟಾ. ಅಲ್ಲಿ ಸಾರ್ವಜನಿಕ ಪ್ರಸಾರ ನಿಗಮಕ್ಕೆ ಎರಡು ವರ್ಷ ಮುಂಚೆಯೇ ಹಣ ಮಂಜೂರು ಮಾಡುವ ಪದ್ಧತಿ ಇತ್ತು, ರಾಜಕೀಯದ ಬಿಸಿ ತಾಗದಿರಲಿ ಅಂತ. 2025ರ ಜುಲೈನಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಹಾಗೆ ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರ್ ವಾಪಸ್ ತೆಗೆದುಕೊಂಡಿತು. ನಿಗಮ ತನ್ನ ಕೆಲಸ ಮುಚ್ಚುವ ಘೋಷಣೆ ಮಾಡಿತು.

ಟೆಲಿಕಾಂ ನಿಧಿ, ಇದೇ ಬೀಗ

ಇದೇ ಸೂತ್ರ ಟೆಲಿಕಾಂ ಪಾಠಕ್ಕೂ ಕೂರುತ್ತದೆ. ಹಳ್ಳಿಗಳಿಗೆ ಸಂಪರ್ಕ ಕೊಡಲು ಯುಎಸ್‌ಒ ನಿಧಿ ಇದೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದರ ಹೆಸರು ಡಿಜಿಟಲ್ ಭಾರತ್ ನಿಧಿ ಆಯಿತು. ಕಂಪನಿಗಳು ಹೊಂದಾಣಿಕೆ ಮಾಡಿದ ಒಟ್ಟು ಆದಾಯದ (ಎಜಿಆರ್) 8% ಲೈಸೆನ್ಸ್ ಶುಲ್ಕ ಕಟ್ಟುತ್ತವೆ, ಆ 8ರಲ್ಲಿ 5 ಭಾಗ ಈ ನಿಧಿಯ ಹೆಸರಿನಲ್ಲಿ. ಹೆಸರು ನಿಧಿ, ಆದರೆ ಹಣ ಮೊದಲು ಬೀಳುವುದು ಸಂಚಿತ ನಿಧಿಗೆ. ಸಂಸತ್ತು ಮಂಜೂರು ಮಾಡಿದಷ್ಟು ಮಾತ್ರ ಇಲ್ಲಿಗೆ ಬರುತ್ತದೆ. ಅದಕ್ಕೇ ವಸೂಲಾದದ್ದೂ ಬಿಡುಗಡೆಯಾದದ್ದೂ ಸಮ ಇರುವುದಿಲ್ಲ. ನಡುವಿನ ಅಂತರವನ್ನು "ಸಂಭಾವ್ಯವಾಗಿ ಲಭ್ಯವಿರುವ ಬಾಕಿ" ಅಂತ ತೋರಿಸುತ್ತಾರೆ. ಪೆಟ್ಟಿಗೆಯಲ್ಲಿ ಇಟ್ಟ ದುಡ್ಡಲ್ಲ ಅದು, ಮುಂದೆ ಕೇಳಲು ಇರುವ ಹಕ್ಕು. ವರ್ಷ ಮುಗಿದರೂ ಆ ಹಕ್ಕು ಹೋಗುವುದಿಲ್ಲ ಅಂತ ಕಾನೂನಿನಲ್ಲೇ ಇದೆ. ಹಳ್ಳಿಗಳಿಗೆ ಬ್ರಾಡ್‌ಬ್ಯಾಂಡ್ ಕೊಡುವ ಭಾರತ್‌ನೆಟ್ ಯೋಜನೆಗೆ ಹಣ ಬಂದದ್ದು ಇಲ್ಲಿಂದ.

ಉಳಿದ ಚೂರುಗಳು

ಸೆಕ್ಷನ್ 13ರ ಸಂಸದೀಯ ಸಮಿತಿ (22 ಮಂದಿ: ಲೋಕಸಭೆ 15, ರಾಜ್ಯಸಭೆ 7) ಬೇರೆ. ಬೇಡಿಕೆಗಳನ್ನು ಪರಿಶೀಲಿಸುವ ಸಂವಹನ ಮತ್ತು ಮಾಹಿತಿ ತಂತ್ರಜ್ಞಾನ ಸ್ಥಾಯಿ ಸಮಿತಿ ಬೇರೆ. ಬಹು ಆಯ್ಕೆ ಪ್ರಶ್ನೆಯಲ್ಲಿ ಇವೆರಡನ್ನೂ ಬೆರೆಸಿ ಕೊಟ್ಟರೆ ಸಿಕ್ಕಿಬೀಳುವುದು ಸುಲಭ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ವ್ಯಾಪ್ತಿಗೆ ಪ್ರಸಾರ ಬಂದದ್ದು 2004ರಲ್ಲಿ. ಅದು ನೋಡುವುದು ದರ, ಸಂಪರ್ಕ, ಗುಣಮಟ್ಟ. ಕಾರ್ಯಕ್ರಮದಲ್ಲಿ ಏನಿದೆ ಅನ್ನುವುದು ಅದರ ಕೆಲಸವಲ್ಲ.

2007ರ ಕ್ರೀಡಾ ಪ್ರಸಾರ ಕಾಯ್ದೆ: ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲ್ಲನ್ನು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಲೇಬೇಕು. ಜಾಹೀರಾತು ಆದಾಯ ಟಿವಿಗೆ 75:25, ರೇಡಿಯೋಗೆ 50:50, ಟಿವಿಯ ದೊಡ್ಡ ಪಾಲು ಹಕ್ಕುದಾರರಿಗೆ. 2017ರಲ್ಲಿ ಸುಪ್ರೀಂ ಕೋರ್ಟ್, ಈ ಸಿಗ್ನಲ್ ದೂರದರ್ಶನದ ಭೂಮಿಯ ಮೇಲಿನ ಜಾಲಕ್ಕೂ ಫ್ರೀ ಡಿಶ್‌ಗೂ ಮಾತ್ರ, ಕೇಬಲ್‌ನವರು ಕಡ್ಡಾಯವಾಗಿ ತೋರಿಸುವ ಡಿಡಿ ಚಾನೆಲ್ ಮೂಲಕ ಹರಿಸುವಂತಿಲ್ಲ ಎಂದಿತು. ಕೇಬಲ್ ಹಾಕಿಸಿಕೊಂಡ ಮನೆಯಲ್ಲಿ ಡಿಡಿ ಹಾಕಿದರೆ ಮ್ಯಾಚ್ ಬದಲು ಬೇರೆ ಕಾರ್ಯಕ್ರಮ ಬರುವುದು ಇದೇ ಕಾರಣಕ್ಕೆ.